ಪುಟ್ಟಿಯ ಕೀಮ್ ಆಪ್ಷನ್ ಮತ್ತು ಮಾವ ಕಳಿಸಿದ ಪೋಸ್ಟರ್

ಬದಿಯಡ್ಕ ಮಾವ: ಫಾರ್ವರ್ಡ್ ಮಾಡಿದ ಚಿತ್ರ
"ಇನ್ನು ಕೆಲಸ ಇರುವುದು ಸಿಎಸ್ (ಕಂಪ್ಯೂಟರ್ ಸೈನ್ಸ್), ಎಐಗೆ ಮಾತ್ರ! ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಸೇರಿ ಮೋಸಹೋಗಬೇಡಿ!"
ಪುಟ್ಟಿ ಕೀಮ್‌ನಲ್ಲಿ (ಕೇರಳದ ಎಂಜಿನಿಯರಿಂಗ್ ಪ್ರವೇಶ) ಕಾಲೇಜು, ಬ್ರಾಂಚಿನ ಆಪ್ಷನ್ ಹಾಕುವ ಮೊದಲು ಎಲ್ಲರೂ ಇದನ್ನೊಮ್ಮೆ ಓದಿ.

ಕುಂಬಳೆ ಅಕ್ಕ: ಮಾವ, ಅದು ಅಡ್ಮಿಷನ್ ಜಾಹೀರಾತು. ಅಡಿಯಲ್ಲಿ ಫೋನ್ ನಂಬರ್ ಉಂಟು ನೋಡಿ. ಒಂದು ಬ್ರಾಂಚಿಗೆ ಇಷ್ಟೇ ಸೀಟು ಎಂಬ ಮಿತಿಯನ್ನು 2024-25ರಿಂದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಸಡಿಲಿಸಿತು. ಆಮೇಲೆ ಎಷ್ಟೋ ಕಾಲೇಜುಗಳು ಸಿಎಸ್ ಸೀಟು ಏರಿಸಿಕೊಂಡವು. ಅವು ಭರ್ತಿ ಆಗಬೇಕಲ್ಲ.

ಬದಿಯಡ್ಕ ಮಾವ: ಇರಲಿ. ಕ್ಯಾಂಪಸ್‌ಗೆ ಬರುವುದು ಹೆಚ್ಚಿನವು ಸಾಫ್ಟ್‌ವೇರ್ ಕಂಪೆನಿಗಳೇ ಅಲ್ವ? ಮತ್ತೆ ಪುಟ್ಟಿಗೆ ಇಇಇ (ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ಸ್) ಯಾಕೆ?

ಉಪ್ಪಳ ಅಣ್ಣ: ಬೇರೆಯವರಿಗೆ ಸಾಫ್ಟ್‌ವೇರ್ ಕೆಲಸ ಮಾಡಿಕೊಡುವ ದೊಡ್ಡ ಸೇವಾ ಕಂಪೆನಿಗಳು ಬ್ರಾಂಚ್ ನೋಡುವುದು ಕಡಿಮೆ. 60 ಶೇಕಡಾ ಅಂಕ, ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ಪೇಪರ್) ಇರಬಾರದು, ಆಪ್ಟಿಟ್ಯೂಡ್ ಮತ್ತು ಕೋಡಿಂಗ್ ಟೆಸ್ಟ್ ಪಾಸಾಗಬೇಕು, ಅಷ್ಟೆ. ಇಇಇಯವಳು ಅಲ್ಲಿಗೆ ಹೋಗಬಹುದು. ಸಿಎಸ್‌ನವಳು ಸಬ್‌ಸ್ಟೇಷನ್‌ಗೆ ಹೋಗಲಿಕ್ಕಾಗುವುದಿಲ್ಲ. ಯುಪಿಎಸ್‌ಸಿ ಎಂಜಿನಿಯರಿಂಗ್ ಸರ್ವಿಸ್ ಪರೀಕ್ಷೆ ಇರುವುದು ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್-ಟೆಲಿಕಾಂ ನಾಲ್ಕರಲ್ಲೇ. ಸಿಎಸ್‌ಗೆ ಪೇಪರೇ ಇಲ್ಲ. ಕೇಂದ್ರದ ವಿದ್ಯುತ್ ಕಂಪೆನಿಗಳಾದ ಪವರ್‌ಗ್ರಿಡ್, ಎನ್‌ಟಿಪಿಸಿ ಗೇಟ್ ಪರೀಕ್ಷೆಯ ಅಂಕ ಹಿಡಿದು ಎಲೆಕ್ಟ್ರಿಕಲ್‌ನವರನ್ನು ತೆಗೆದುಕೊಳ್ಳುತ್ತವೆ. ನಮ್ಮ ಕಾಸರಗೋಡಿನಲ್ಲೇ ನೋಡಿ, ಅಂಬಲತ್ತರದಲ್ಲಿ 50 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಉಂಟು, ಮೈಲಾಟಿಗೆ ಬ್ಯಾಟರಿ ಸ್ಟೋರೇಜ್ ಯೋಜನೆ.

ನೀರ್ಚಾಲು ಚಿಕ್ಕಪ್ಪ: ಅಷ್ಟು ಸಲೀಸಲ್ಲ. ಬ್ರಾಂಚ್ ನೋಡುವುದಿಲ್ಲ ಎಂಬುದು ಸೇವಾ ಕಂಪೆನಿಗಳ ಮಾತು. ತಮ್ಮದೇ ಸಾಫ್ಟ್‌ವೇರ್ ಮಾಡುವ, ಒಳ್ಳೆಯ ಸಂಬಳದ ಪ್ರಾಡಕ್ಟ್ ಕಂಪೆನಿಗಳಲ್ಲಿ ಹಲವು ಟೆಸ್ಟ್ ಲಿಂಕ್ ಕಳಿಸುವುದೇ ಸಿಎಸ್, ಐಟಿ, ಇಸಿ (ಎಲೆಕ್ಟ್ರಾನಿಕ್ಸ್) ಯವರಿಗೆ. ಇಇಇ ತೆಗೆದವಳು ಮಷಿನ್ ಲ್ಯಾಬ್‌ನ ರೆಕಾರ್ಡ್ ಬರೆಯುತ್ತಾ ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಮ್, ಡಿಬಿಎಂಎಸ್ ಎಂಬ ಸಿಎಸ್ ವಿಷಯಗಳನ್ನು ಸ್ವಂತ ಕಲಿಯಬೇಕು. ಎರಡೂ ದೋಣಿಗೆ ಕಾಲಿಟ್ಟು ಸಿಜಿಪಿಎ (ಒಟ್ಟು ಸರಾಸರಿ ಅಂಕ) ಬಿದ್ದರೆ ಎರಡೂ ಕಡೆ ಬಾಗಿಲು ಮುಚ್ಚುತ್ತದೆ.

ಕುಂಬಳೆ ಅಕ್ಕ: ಅದಕ್ಕೇ ಮೈನರ್, ಅಂದರೆ ಜೊತೆಗೆ ಓದುವ ಉಪ ವಿಷಯ, ಇರುವುದು ಚಿಕ್ಕಪ್ಪ. 18-20 ಕ್ರೆಡಿಟ್ ಹೆಚ್ಚಿಗೆ ಓದಿದರೆ ಕಂಪ್ಯೂಟರ್ ಮೈನರ್ ಸಿಗುತ್ತದೆ. ಆದರೆ ಆ ಕಾಲೇಜಿನಲ್ಲಿ ನಿಜವಾಗಿ ಕ್ಲಾಸ್ ನಡೆಯುತ್ತದಾ ಎಂದು ಅಲ್ಲಿನ ಮೂರನೇ ವರ್ಷದ ಮಕ್ಕಳನ್ನೇ ಕೇಳಬೇಕು, ಆಫೀಸಿನಲ್ಲಲ್ಲ.

ಬದಿಯಡ್ಕ ಮಾವ: ಪೋಸ್ಟರಿನ ಕಾಲೇಜಲ್ಲಿ ಸರಾಸರಿ ಪ್ಯಾಕೇಜೇ ವರ್ಷಕ್ಕೆ ನಾಲ್ಕೂವರೆ ಲಕ್ಷ. ತಿಂಗಳಿಗೆ 37,500!

ನೀರ್ಚಾಲು ಚಿಕ್ಕಪ್ಪ: ಕೈಗೆ ಬರುವುದು ಅಷ್ಟಲ್ಲ ಭಾವ. ಬೇಸಿಕ್ ಅರ್ಧ, 2.25 ಲಕ್ಷ ಎಂದಿಟ್ಟುಕೊಳ್ಳಿ. ಕಂಪೆನಿಯ ಪಿಎಫ್ ಪಾಲು 12 ಶೇಕಡಾ, 27,000. ಗ್ರಾಚುಯಿಟಿ 4.81 ಶೇಕಡಾ, ಸುಮಾರು 10,800. ವೇರಿಯೆಬಲ್ (ಕೆಲಸ ನೋಡಿ ಕೊಡುವ ಭಾಗ) 10 ಶೇಕಡಾ ಇದ್ದರೆ 45,000, ಅದು ವರ್ಷದ ಕೊನೆಗೆ, ಕೊಟ್ಟರೆ ಕೊಟ್ಟರು. ಇಷ್ಟು ಕಳೆದು, ಮತ್ತೆ ಅವಳ ಪಾಲಿನ ಪಿಎಫ್ 27,000 ಕಳೆಯಿರಿ. ತಿಂಗಳಿಗೆ 28,350 ಉಳಿಯಿತು. ಬೆಂಗಳೂರಿನ ಪಿಜಿ ಬಾಡಿಗೆ ಇದರಲ್ಲೇ ಹೋಗಬೇಕು. ಇನ್ನೊಂದು, ಸರಾಸರಿ ಎಂದರೆ ಯಾರ ಸರಾಸರಿ? ಕೆಲಸ ಸಿಕ್ಕಿದವರದ್ದು ಮಾತ್ರವಾ, ಇಡೀ ಕ್ಲಾಸಿನದ್ದಾ? ಒಬ್ಬಳಿಗೆ ಮೂರು ಆಫರ್ ಬಂದರೆ ಮೂರು ಎಂದು ಎಣಿಸುವವರೂ ಇದ್ದಾರೆ. ಮೀಡಿಯನ್, ಅಂದರೆ ಸಾಲಿನ ಸರೀ ನಡುವಿನವರ ಸಂಬಳ, ಕೇಳಿ.

ಬದಿಯಡ್ಕ ಮಾವ: ಸುರತ್ಕಲ್ ಹತ್ತಿರ ಉಂಟಲ್ಲ, ಎನ್‌ಐಟಿ ಹೋಮ್ ಸ್ಟೇಟ್ (ಸ್ವಂತ ರಾಜ್ಯದವರ) ಸೀಟು?

ಕುಂಬಳೆ ಅಕ್ಕ: ಪ್ಲಸ್ ಟು ಕೇರಳದಲ್ಲಿ ಮುಗಿಸಿದ್ದಾಳಲ್ಲ ಮಾವ, ಅವಳಿಗೆ ಹೋಮ್ ಸ್ಟೇಟ್ ಎಂದರೆ ಕಲ್ಲಿಕೋಟೆ. ಸುರತ್ಕಲ್‌ನಲ್ಲಿ ಬೇರೆ ರಾಜ್ಯದವಳೇ.

ಉಪ್ಪಳ ಅಣ್ಣ: ಪುಟ್ಟಿ, ಗುಣಮಟ್ಟ ನೋಡಿ ಕೊಡುವ ಎನ್‌ಬಿಎ ಮಾನ್ಯತೆ ಕಾಲೇಜಿಗಲ್ಲ, ಬ್ರಾಂಚಿಗೆ. ಒಂದೇ ಕಾಲೇಜಿನಲ್ಲಿ ಇಇಇಗೆ ಇದ್ದು ಹೊಸ ಎಐಗೆ ಇಲ್ಲದೆ ಇರಬಹುದು. ಪ್ರತಿ ಬ್ರಾಂಚಿಗೂ ಬೇರೆ ಬೇರೆ ನೋಡು. ಒಂದು ಬ್ಯಾಚ್ ಕೂಡ ಹೊರಗೆ ಬಾರದ ಬ್ರಾಂಚಿಗೆ ಪ್ಲೇಸ್‌ಮೆಂಟ್ ಅಂಕಿಅಂಶ ಎಲ್ಲಿಂದ ಬರಬೇಕು?

ಬದಿಯಡ್ಕ ಮಾವ: ಸಿಎಸ್ ಬೇಡ ಎಂದು ಮಾತ್ರ ಹೇಳಬೇಡಿ ಅವಳಿಗೆ.

ನೀರ್ಚಾಲು ಚಿಕ್ಕಪ್ಪ: ಯಾರೂ ಹೇಳಲಿಲ್ಲ ಭಾವ. ಒಳ್ಳೆಯ ಕಾಲೇಜಿನ ಸಿಎಸ್ ಸಿಕ್ಕಿದರೆ ಕಣ್ಣು ಮುಚ್ಚಿ ಸೇರಲಿ.

ಪುಟ್ಟಿ: ಮೊದಲು ಸರ್ಕಾರಿ ಕಾಲೇಜುಗಳ ಸಿಎಸ್, ಆಮೇಲೆ ಅವುಗಳದ್ದೇ ಇಸಿ, ಇಇಇ ಹಾಕಿದ್ದೇನೆ. ಅದರ ಕೆಳಗೆ ಪೊವ್ವಲ್‌ನ ಎಲ್‌ಬಿಎಸ್ ಕಾಲೇಜಿನ ಸಿಎಸ್.

ಬದಿಯಡ್ಕ ಮಾವ: ಪೋಸ್ಟರಿನ ಎಐ ಎಷ್ಟನೆಯದು?

ಪುಟ್ಟಿ: ಅದನ್ನು ಹಾಕಲಿಲ್ಲ ಮಾವ. ಒಂದು ಆಪ್ಷನ್ ಅಲಾಟ್ ಆದರೆ ಅದರ ಕೆಳಗಿನದೆಲ್ಲ ತಾನಾಗಿ ರದ್ದಾಗುತ್ತದೆ, ಫೀಸು ಕಟ್ಟದಿದ್ದರೆ ಸಿಕ್ಕಿದ್ದೂ ಹೋಗುತ್ತದೆ. ಸೇರುವ ಮನಸ್ಸಿಲ್ಲದ್ದನ್ನು ಪಟ್ಟಿಯಲ್ಲಿ ಯಾಕೆ ಇಡಲಿ?