ಆಯುಧ ಪೂಜೆ, ಆಫೀಸ್ ಪಾರ್ಟಿ, ಸುಳ್ಳು ಬಿಲ್ಲು: ಪ್ರತ್ಯೇಕವಾದ ಜೀವಿತ ಅಂದರೆ ಎಲ್ಲಿಯ ತನಕ?

ಹಾಸನದ_ಹುಡುಗ ಕೇಳಿದ್ದು:

ಎಲ್ಲರಿಗೂ ಕರ್ತನ ಹೆಸರಿನಲ್ಲಿ ವಂದನೆ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 26 ವರ್ಷ. ಬೆಂಗಳೂರಿನಲ್ಲಿ ಒಬ್ಬ ಕಾಂಟ್ರಾಕ್ಟರ್ ಹತ್ತಿರ ಬಿಲ್ಲಿಂಗ್ ಕೆಲಸ. ಹುಟ್ಟಿದ್ದು ಕ್ರೈಸ್ತರ ಮನೆಯಲ್ಲೇ, ಆದರೆ ಭಾನುವಾರದ ಮಟ್ಟಿಗೆ ಮಾತ್ರ. ಹೋದ ವರ್ಷ ಇಲ್ಲಿ ಒಂದು ಸಭೆಗೆ ಸೇರಿದ ಮೇಲೆ ನಿಜವಾಗಿ ವಾಕ್ಯ ಓದಲು ಶುರು ಮಾಡಿದೆ. ಸಿನಿಮಾ ಬಿಟ್ಟೆ. ಫೋನಿನಲ್ಲಿದ್ದ ಹಾಡುಗಳನ್ನೆಲ್ಲ ಅಳಿಸಿದೆ. ಇನ್‌ಸ್ಟಾಗ್ರಾಂ ತೆಗೆದೆ.

ಈಗ ಆಯುಧ ಪೂಜೆ ಬರುತ್ತಿದೆ. ನಮ್ಮ ಆಫೀಸಿನಲ್ಲಿ ದೊಡ್ಡದಾಗಿ ಮಾಡುತ್ತಾರೆ. ಜೆಸಿಬಿಯಿಂದ ಹಿಡಿದು ನನ್ನ ಕಂಪ್ಯೂಟರಿನ ತನಕ ಕುಂಕುಮ, ಹೂವು. ಬೂದುಗುಂಬಳಕಾಯಿ ಒಡೆದ ಮೇಲೆ ಎಲ್ಲರ ಕೈಗೂ ಕಡ್ಲೆಪುರಿ, ಸಿಹಿ ಪೊಟ್ಟಣ. ಹೋದ ವರ್ಷ ನಿಂತಿದ್ದೆ, ತಿಂದೆ, ಏನೂ ಅನ್ನಿಸಲಿಲ್ಲ. ಈ ವರ್ಷ ಪ್ರಾರ್ಥನಾ ಗುಂಪಿನ ಹಿರಿಯರು ಆ ಜಾಗದಲ್ಲಿ ನಿಲ್ಲುವುದೇ ತಪ್ಪು ಎನ್ನುತ್ತಾರೆ. ಅಮ್ಮ ಫೋನಿನಲ್ಲಿ, 'ಸುಮ್ನೆ ಇಸ್ಕೊಂಡು ಪಕ್ಕದ ಮನೆ ಮಗುವಿಗೆ ಕೊಡೋ' ಎಂದಳು. ರಜೆ ಹಾಕಲಾ? ಹಾಕಿದರೆ ಮ್ಯಾನೇಜರ್‌ಗೆ ಅವಮಾನ ಆಗುತ್ತದೆ, ಒಳ್ಳೆಯ ಮನುಷ್ಯ.

ಇನ್ನೊಂದು, ಪಾರ್ಟಿ. ಪ್ರತಿ ಕೆಲಸ ಮುಗಿದಾಗಲೂ ಕುಡಿಯಲು ಹೋಗುತ್ತಾರೆ. ನಾನು ನಿಂಬೆ ಸೋಡಾ ಹಿಡಿದು ಕೂರುತ್ತೇನೆ. 'ಭಕ್ತರು ಬಂದರು' ಎಂದು ನಗುತ್ತಾರೆ. ಕೂರುವುದೂ ತಪ್ಪಾ?

ಬಿಲ್ಲಿನ ವಿಷಯವೂ ಇದೆ. ಆರು ಇಂಚು ಜಲ್ಲಿ ಹಾಕಿದ ಕಡೆ ಒಂಬತ್ತು ಎಂದು ಬರೆಯಲು ಹೇಳುತ್ತಾರೆ. ಈ ಫೀಲ್ಡಿನಲ್ಲಿ ಎಲ್ಲರೂ ಮಾಡುವುದೇ.

ಲೋಕದಿಂದ ಬೇರೆಯಾಗಿ ಬದುಕುವುದು ಅಂದರೆ ಗೆರೆ ಎಲ್ಲಿ ಎಳೆಯಬೇಕು? ದಯವಿಟ್ಟು ಬಯ್ಯಬೇಡಿ.

ಗದಗದ_ಅಣ್ಣ:

ತಮ್ಮಾ, ಬಯ್ಯುವುದಿಲ್ಲ. ಆದರೆ ನೇರವಾಗಿ ಹೇಳುತ್ತೇನೆ. ನಿಂಬೆ ಸೋಡಾ ಹಿಡಿದು ಕೂತವನು ನಾನೂ ಹೌದು. ಮೂರನೇ ಸಲ ಕೂತಾಗ ಗ್ಲಾಸಿನಲ್ಲಿ ಸೋಡಾ ಇರಲಿಲ್ಲ.

ಹದಿನಾಲ್ಕು ವರ್ಷ ಕುಡಿದೆ. ಹೆಂಡತಿಯ ಓಲೆ ಮಾರಿದೆ. ಹೊರಗೆ ಬಂದ ಮೇಲೆ ಆ ಬೀದಿಯಲ್ಲೇ ಓಡಾಡುವುದಿಲ್ಲ, ಮನೆಗೆ ಹೋಗಲು ಸುತ್ತು ಹಾಕಿಕೊಂಡು ಹೋಗುತ್ತೇನೆ. ಅವರ ಮಧ್ಯದಿಂದ ಹೊರಗೆ ಬಂದು ಪ್ರತ್ಯೇಕವಾಗಿರಿ ಎಂದು ಬೈಬಲಿನ 2 ಕೊರಿಂಥ 6ರಲ್ಲಿ ಇದೆ ಅಲ್ವಾ, ಅದು ಓದಿದವರಿಗೆ ಬರೀ ವಾಕ್ಯ, ನನಗೆ ಜೀವ. ಜನ ನಗಲಿ. ಹಳೇ ಗೆಳೆಯರು ನಗುತ್ತಾರೆ, ನನ್ನ ಮಗಳು ಈಗ ಹೆದರದೆ ಹತ್ತಿರ ಬರುತ್ತಾಳೆ. ಪಾರ್ಟಿ ಬಿಡು. ಪೂಜೆ ದಿನ ರಜೆ ಹಾಕು. ಮುಗಿಯಿತು.

ಟೀಚರಮ್ಮ:

ಗದಗದ ಅಣ್ಣನ ಮಾತು ಅವರ ಬದುಕಿಗೆ ಸತ್ಯ. ಕುಡಿತ ಗೆದ್ದವರಿಗೆ ಆ ಬೇಲಿ ಬೇಕೇ ಬೇಕು. ಆದರೆ ಹುಡುಗಾ, ನಿನ್ನ ಪ್ರಶ್ನೆಯನ್ನು ಇನ್ನೊಂದು ಸಲ ನೀನೇ ಓದಿ ನೋಡು. ಕಡ್ಲೆಪುರಿಗೆ ಒಂದು ಇಡೀ ಪ್ಯಾರಾ. ಸೋಡಾಕ್ಕೆ ಇನ್ನೊಂದು. ಸುಳ್ಳು ಬಿಲ್ಲಿಗೆ ಎಣಿಸಿ ಮೂರು ಸಾಲು! ಮಕ್ಕಳ ಉತ್ತರಪತ್ರಿಕೆ ತಿದ್ದಿ ತಿದ್ದಿ ನನಗೆ ಇದು ಬೇಗ ಕಣ್ಣಿಗೆ ಬೀಳುತ್ತದೆ. ಯಾವುದು ಬರೆಯಲು ಕಷ್ಟವೋ ಅದನ್ನು ಕೊನೆಯಲ್ಲಿ ಸಣ್ಣದಾಗಿ ಬರೆದು ತಳ್ಳಿಬಿಡುತ್ತಾರೆ.

ನಾನು ಪರಿಶುದ್ಧನಾಗಿರುವುದರಿಂದ ನೀವೂ ಪರಿಶುದ್ಧರಾಗಿರಬೇಕು ಎಂಬ ಮಾತು ಯಾಜಕಕಾಂಡ 19ರ ಆರಂಭದಲ್ಲಿದೆ. ಪೇತ್ರನೂ ತನ್ನ ಮೊದಲ ಪತ್ರಿಕೆಯಲ್ಲಿ ಅದೇ ಮಾತು ತೆಗೆಯುತ್ತಾನೆ. ಸಭೆಗಳಲ್ಲಿ ಆ ಒಂದು ಸಾಲು ಓದಿ ಪುಸ್ತಕ ಮುಚ್ಚುತ್ತೇವೆ. ಮುಂದೆ ಓದು. ವಿಗ್ರಹದ ಮಾತು ಅಲ್ಲಿದೆ, ಇಲ್ಲ ಎನ್ನುವುದಿಲ್ಲ. ಅದರ ಜೊತೆಗೇ ಹೊಲದ ಅಂಚಿನ ಬೆಳೆ ಬಡವರಿಗೆ ಬಿಡು ಎಂದಿದೆ. ಕೂಲಿಯವನ ದುಡ್ಡು ಬೆಳಗಿನ ತನಕ ಇಟ್ಟುಕೊಳ್ಳಬೇಡ ಎಂದಿದೆ. ಕಿವುಡನನ್ನು ಬಯ್ಯಬೇಡ, ಕುರುಡನ ದಾರಿಗೆ ಅಡ್ಡ ಇಡಬೇಡ, ತಲೆ ನರೆತವರ ಮುಂದೆ ಎದ್ದು ನಿಲ್ಲು. ಕೊನೆಗೆ ಬಂದರೆ, 35ನೇ ವಚನ: ಅಳತೆಯಲ್ಲಿ, ತೂಕದಲ್ಲಿ ಮೋಸ ಮಾಡಬೇಡ. ಅಳತೆ! ನಿನ್ನ ಕೆಲಸವೇ ಅಳತೆ ಬರೆಯುವುದು. ಆ ಮೂರು ಇಂಚು ಜಲ್ಲಿ ಇಲ್ಲದ ರಸ್ತೆಯಲ್ಲಿ ಮಳೆಗಾಲದಲ್ಲಿ ಯಾರೋ ಬೈಕಿನಿಂದ ಬೀಳುತ್ತಾರೆ.

ಪೂಜೆಯ ವಿಷಯ. ಪೌಲನ ಕಾಲದ ಕೊರಿಂಥದಲ್ಲೂ ಇದೇ ಗಲಾಟೆ. 1 ಕೊರಿಂಥ 8 ಮತ್ತು 10 ಎರಡನ್ನೂ ಓದು, ಒಂದನ್ನೇ ಓದಿದರೆ ನಮಗೆ ಬೇಕಾದ ಉತ್ತರ ಸಿಗುತ್ತದೆ. ಊಟಕ್ಕೆ ಕರೆದರೆ ಹೋಗು, ಬಡಿಸಿದ್ದನ್ನು ವಿಚಾರಿಸದೆ ತಿನ್ನು ಎನ್ನುತ್ತಾನೆ. ಇದು ಅರ್ಪಿಸಿದ್ದು ಎಂದು ಯಾರಾದರೂ ಹೇಳಿದರೆ ಮಾತ್ರ ಬೇಡ, ಅದೂ ಹೇಳಿದವನ ಮನಸ್ಸಾಕ್ಷಿಗಾಗಿ. ಆಫೀಸಿನಲ್ಲಿ ಕೊಡುವುದು ಪೂಜೆಯದ್ದೇ ಎಂದು ನಿನಗೂ ಗೊತ್ತು, ಅವರಿಗೂ ಗೊತ್ತು. ನಾನಾದರೆ ತಿನ್ನುವುದಿಲ್ಲ. ಆದರೆ ಮುಖ ಸಿಂಡರಿಸುವುದಿಲ್ಲ. ಮ್ಯಾನೇಜರ್ ಹತ್ತಿರ ಮೊದಲೇ ಹೋಗಿ, 'ಸರ್, ಪೂಜೆಗೆ ನಿಲ್ಲಲು ನನಗೆ ಆಗುವುದಿಲ್ಲ, ನಿಮ್ಮ ಮೇಲೆ ಗೌರವ ಇಲ್ಲ ಎಂದಲ್ಲ' ಎಂದು ಹೇಳು. ಹಿಂದಿನ ದಿನ ಗಾಡಿ ತೊಳೆದು ಕಸ ಗುಡಿಸುವ ಕೆಲಸ ಇರುತ್ತದಲ್ಲ, ಅದಕ್ಕೆ ಎಲ್ಲರಿಗಿಂತ ಮುಂಚೆ ಪೊರಕೆ ಹಿಡಿ. ಒಳ್ಳೆಯ ಮನುಷ್ಯ ಅಂತ ನೀನೇ ಬರೆದಿದ್ದೀಯ, ಅರ್ಥ ಮಾಡಿಕೊಳ್ಳುತ್ತಾರೆ.

ಇಷ್ಟರ ಮೇಲೂ ಅಲ್ಲಿ ನಿಲ್ಲಲೇಬೇಕಾಗಿ ಬಂದರೆ ರಾತ್ರಿಯಿಡೀ ನಿದ್ದೆಗೆಡಬೇಡ. ಬೈಬಲಿನ ಅರಾಮ್ಯರ ಸೇನಾಪತಿ ನಾಮಾನನ ಕಥೆ ನೆನಪಿದೆಯಾ? ಕುಷ್ಠ ವಾಸಿಯಾದ ಮೇಲೆ ಪ್ರವಾದಿ ಎಲೀಷನನ್ನು ಕೇಳುತ್ತಾನೆ. ನನ್ನ ಅರಸ ನನ್ನ ಕೈ ಊರಿಕೊಂಡು ರಿಮ್ಮೋನನ ಗುಡಿಯಲ್ಲಿ ಬಗ್ಗಿದಾಗ ನಾನೂ ಬಗ್ಗಬೇಕಾಗುತ್ತದೆ, ಅದಕ್ಕೆ ಕ್ಷಮೆ ಸಿಗಲಿ ಎಂದು. ಪ್ರವಾದಿ ಉಪದೇಶ ಕೊಡಲಿಲ್ಲ. ಸಮಾಧಾನದಿಂದ ಹೋಗು ಎಂದ, ಅಷ್ಟೇ.

ಗದಗದ_ಅಣ್ಣ:

ಟೀಚರಮ್ಮ, ಬಿಲ್ಲಿನ ಮಾತು ನೂರಕ್ಕೆ ನೂರು ಒಪ್ಪಿದೆ, ನನಗೆ ಹೊಳೆದೇ ಇರಲಿಲ್ಲ. ನಾಮಾನ ಮಾತ್ರ ಅವತ್ತೇ ನಂಬಿದವನು. ಅವನಿಗೆ ಸಿಕ್ಕ ರಿಯಾಯಿತಿ ಎಲ್ಲರೂ ಕೇಳಿದರೆ ಹೇಗೆ?

ಟೀಚರಮ್ಮ:

ಹುಡುಗನೂ ಹೋದ ವರ್ಷ ನಂಬಿದವನೇ ಅಲ್ವಾ ಅಣ್ಣ.

ಕೋಲಾರದ_ಅಕ್ಕ:

ಒಂದೇ ಮಾತು ಸೇರಿಸುತ್ತೇನೆ. ನಾನು ಬೆಳೆದ ಸಭೆಯಲ್ಲಿ ಟಿವಿ ಪಾಪ, ಬಳೆ ಪಾಪ, ಜಡೆಗೆ ಹೂವು ಪಾಪ. ನನ್ನ ಮದುವೆ ಮಾತುಕತೆಗೆ ಅದೇ ಸಭೆಯ ಹಿರಿಯರು ಬಂದು ಕೂತು, ಪ್ರಾರ್ಥನೆ ಮಾಡಿ, ಆಮೇಲೆ ಹುಡುಗನಿಗೆ ಕಾರು ಎಷ್ಟರದ್ದು ಎಂದು ಮಾತಾಡಿದರು. ಬಂಗಾರ ಹಾಕಿಕೊಳ್ಳಬಾರದಂತೆ, ಲಾಕರಿನಲ್ಲಿ ಇಟ್ಟು ಕೊಡಬಹುದಂತೆ! ಕ್ರೈಸ್ತರ ವಧೂವರ ಜಾಹೀರಾತು ತೆಗೆದು ನೋಡಿ, ರಕ್ಷಣೆ ಹೊಂದಿದ ಹುಡುಗಿ ಬೇಕು ಎಂದು ಬರೆದು ಪಕ್ಕದಲ್ಲೇ ಜಾತಿ ಹಾಕಿರುತ್ತಾರೆ. ಲೋಕ ಹೊರಗಿನಿಂದ ನುಗ್ಗುತ್ತದೆ ಎಂದು ಬಾಗಿಲು ಕಾಯುತ್ತಾ ಕೂರುತ್ತೇವೆ, ಅದು ಒಳಗೆ ಮುಂದಿನ ಬೆಂಚಿನಲ್ಲಿ ಕೂತಿರುತ್ತದೆ.

ಆ ಮದುವೆ ಆಗಲಿಲ್ಲ. ಖುಷಿಯಾಗಿದ್ದೇನೆ.

ಜೆಪ್ಪು_ಕಡೆಯವಳು:

ಎಲ್ಲರೂ ಹುಡುಗ ಏನು ಬಿಡಬೇಕು ಎಂದು ಹೇಳಿದಿರಿ. ಬಿಟ್ಟ ಮೇಲೆ ಅವನು ಏನು ತಿನ್ನಬೇಕು?

ನಮ್ಮ ಊರಿನ ಕಥೆ ಹೇಳುತ್ತೇನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಎಂಬ ಪಾದ್ರಿಗಳ ಸಂಸ್ಥೆ ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದವರಲ್ಲಿ ಬಿಲ್ಲವರು ಜಾಸ್ತಿ. ಬಹಳ ಜನರ ಕಸುಬು ಶೇಂದಿ ಇಳಿಸುವುದು. ಮಿಷನ್‌ನವರು ಕುಡಿತದ ವಿಷಯದಲ್ಲಿ ಬಲು ಬಿಗಿ, ಹಾಗಾಗಿ ಆ ಕಸುಬು ಕೈಬಿಟ್ಟಿತು. ಕ್ರೈಸ್ತರಾದರೆಂದು ಮನೆಯವರೂ ಜಾತಿಯವರೂ ದೂರ ಮಾಡಿದರು. ಅಂದರೆ ಪ್ರತ್ಯೇಕವಾಗಿದ್ದು ನಿಜ, ಒಲೆ ಉರಿಯುವುದು ನಿಂತದ್ದೂ ನಿಜ. ಆಗ ಪಾದ್ರಿಗಳಿಗೆ ಗೊತ್ತಾಯಿತು, ಬರೀ ಪ್ರಸಂಗ ಸಾಲುವುದಿಲ್ಲ ಎಂದು. ಬೇಸಾಯ ಮಾಡಿಸಿ ನೋಡಿದರು, ಹೊಂದಲಿಲ್ಲ. ಆಮೇಲೆ ಬಲ್ಮಠದಲ್ಲಿ ನೇಯ್ಗೆ ಶುರುವಾಯಿತು. 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿ ದಂಡೆಯ ಹತ್ತಿರ ಹಂಚಿನ ಕಾರ್ಖಾನೆ ಬಂತು. ಇವತ್ತು ಎಲ್ಲರೂ ಹೊಗಳುವ ಮಂಗಳೂರು ಹಂಚಿನ ಹಿಂದೆ ಈ ಕಥೆ ಇದೆ.

ಮಿಷನ್ ಮಾಡಿದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಕೆಲಸವೂ ಸಭೆಯೂ ಒಂದೇ ಕೈಯಲ್ಲಿದ್ದರೆ ಬಡವನಿಗೆ ಬಾಯಿ ಬಿಡುವುದು ಕಷ್ಟ. ಆದರೆ ಒಂದಂತೂ ಹೌದು. ಕೆಲಸ ಬಿಡು ಎಂದು ಹೇಳಿದವರೇ ಕೆಲಸ ಕೊಡುವ ತಲೆನೋವನ್ನೂ ಹೊತ್ತುಕೊಂಡರು. ಈಗಿನ ನಮ್ಮ ಸಭೆಗಳು ಸುಳ್ಳು ಬರೆಯಬೇಡ ಎಂದು ಹುಡುಗನಿಗೆ ಹೇಳುತ್ತವೆ. ನಾಳೆ ಅವನ ಕೆಲಸ ಹೋದರೆ ಉಪವಾಸ ಪ್ರಾರ್ಥನೆ ಇಡುತ್ತವೆ. ಬಾಡಿಗೆ ಯಾರು ಕಟ್ಟುತ್ತಾರೆ?

ಹಾಸನದ_ಹುಡುಗ:

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಟೀಚರಮ್ಮನ ಮಾತು ಓದಿ ಎರಡು ದಿನ ಸಿಟ್ಟು ಬಂದಿತ್ತು. ಮೂರೇ ಸಾಲು ಎಂದದ್ದಕ್ಕೆ. ಆಮೇಲೆ ಬಸ್ಸಿನಲ್ಲಿ ಆ ಅಧ್ಯಾಯ ಪೂರ್ತಿ ಓದಿದೆ.

ಮ್ಯಾನೇಜರ್ ಹತ್ತಿರ ಪೂಜೆಯ ವಿಷಯ ಹೇಳಿದೆ. ಅವರು ನಕ್ಕು, 'ಅದಕ್ಯಾಕಪ್ಪ ಇಷ್ಟು ಒದ್ದಾಡ್ತೀಯ, ಸ್ವೀಟ್ ಬೇರೆ ಅಂಗಡಿಯಿಂದ ತರಿಸ್ತೀನಿ' ಎಂದರು. ಒಂದು ವರ್ಷ ನಾನು ಹೆದರಿದ್ದು ಇದಕ್ಕಾ ಅನ್ನಿಸಿತು. ಪಾರ್ಟಿಗೆ ಊಟದ ಹೊತ್ತಿಗೆ ಮಾತ್ರ ಹೋಗುತ್ತೇನೆ ಎಂದು ನಿರ್ಧರಿಸಿದ್ದೇನೆ, ಗದಗದ ಅಣ್ಣ ಬಯ್ಯಬೇಡಿ.

ಬಿಲ್ಲು ಅಷ್ಟು ಸುಲಭ ಇಲ್ಲ. ನಿನ್ನೆ ಸೈಟಿಗೆ ಹೋಗಿ ಮೂರು ಕಡೆ ಗುಂಡಿ ತೋಡಿಸಿ ಅಳೆದೆ. ಆರೇ ಇತ್ತು. ಒಂದು ಕಡೆ ಐದೂವರೆ. ಇದ್ದದ್ದನ್ನೇ ಬರೆದೆ. ಓನರ್ ಊರಲ್ಲಿಲ್ಲ, ಸೋಮವಾರ ನೋಡುತ್ತಾರೆ. ಅಪ್ಪನ ಸಾಲದ ಕಂತು ಹತ್ತನೇ ತಾರೀಕು. ರಾತ್ರಿ ನಿದ್ದೆ ಬರಲಿಲ್ಲ.

ಗದಗದ_ಅಣ್ಣ:

ಊಟ ಮಾಡಿ ಬಾ, ಬಯ್ಯುವುದಿಲ್ಲ. ಸೋಮವಾರ ಬೆಳಗ್ಗೆ ಆರಕ್ಕೆ ಎದ್ದು ನಿನಗಾಗಿ ಮೊಣಕಾಲೂರುತ್ತೇನೆ.

ಜೆಪ್ಪು_ಕಡೆಯವಳು:

ನಾನೂ ಪ್ರಾರ್ಥಿಸುತ್ತೇನೆ. ಆದರೆ ಅದಕ್ಕೆ ಮುಂಚೆ ಒಂದು ಕೆಲಸ ಮಾಡು. ನಮ್ಮ ಯಜಮಾನರು ಉಡುಪಿಯಲ್ಲಿ ಸಣ್ಣದಾಗಿ ಕಟ್ಟಡದ ಲೆಕ್ಕಪತ್ರದ ಆಫೀಸು ಇಟ್ಟಿದ್ದಾರೆ. ಸಂಬಳ ಬೆಂಗಳೂರಿನಷ್ಟು ಬರುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಬಯೋಡೇಟಾ ಇವತ್ತು ರಾತ್ರಿಯೇ ಮೆಸೇಜ್ ಮಾಡು. ಎಕ್ಸೆಲ್ ಬರುತ್ತಾ?

ಹಾಸನದ_ಹುಡುಗ:

ಬರುತ್ತೆ ಅಕ್ಕ. ಆಟೊಕ್ಯಾಡ್ ಸ್ವಲ್ಪ ಸ್ವಲ್ಪ.