ಏರ್‌ಬ್ಯಾಂಡಿನಲ್ಲಿ ಎಫ್‌ಎಂ ಹಾಡು: ಎಲ್‌ಎನ್‌ಎ ಹಾಕಿದ ಮೇಲೆ ಇನ್ನೂ ಜಾಸ್ತಿಯಾಗಿದೆ

ತಂತಿಮನೆ:
ಎಲ್ಲರಿಗೂ ನಮಸ್ಕಾರ. ಏರ್‌ಬ್ಯಾಂಡ್, ಅಂದರೆ ವಿಮಾನ ಮತ್ತು ಟವರ್ ನಡುವಿನ ರೇಡಿಯೊ ಮಾತು ಕೇಳಲು ಆರ್‌820ಟಿ2 ಟ್ಯೂನರ್ ಇರುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿನ ಯುಎಸ್‌ಬಿಗೆ ಚುಚ್ಚುವ ರೇಡಿಯೊ ರಿಸೀವರ್) ಬಳಸುತ್ತಿದ್ದೇನೆ. ತಾರಸಿಯಲ್ಲಿ ಕಾಲು ತರಂಗದ ಗ್ರೌಂಡ್ ಪ್ಲೇನ್ ಆಂಟೆನಾ, ನಿಂತ ಕಡ್ಡಿ 56 ಸೆಂ.ಮೀ. ಅಲ್ಲಿಂದ ಕೆಳಕ್ಕೆ 15 ಮೀಟರ್ ಆರ್‌ಜಿ-58 ಕೇಬಲ್, ಡಾಂಗಲ್ ಪಕ್ಕದಲ್ಲೇ 20 ಡಿಬಿ ವೈಡ್‌ಬ್ಯಾಂಡ್ ಎಲ್‌ಎನ್‌ಎ (ಕ್ಷೀಣ ಸಿಗ್ನಲ್ ಹೆಚ್ಚಿಸುವ ಆಂಪ್ಲಿಫೈಯರ್). ಸಾಫ್ಟ್‌ವೇರಿನಲ್ಲಿ ಗೇನ್ (ಡಾಂಗಲ್ ಸಿಗ್ನಲ್ ಹಿಗ್ಗಿಸುವ ಮಟ್ಟ) ಪೂರ್ತಿ 49.6 ಡಿಬಿ.

ತೊಂದರೆ ಮೂರು. 119.3 ಮೆಗಾಹರ್ಟ್ಸ್ ಸುತ್ತ ಹಾಡು, ಜಾಹೀರಾತು ಎಲ್ಲ ಕಲಸಿಕೊಂಡು ಕೇಳಿಸುತ್ತದೆ. ವಿಮಾನದ ಮಾತು ಅದರಡಿ ಮುಚ್ಚಿಹೋಗುತ್ತದೆ. 125.000ರಲ್ಲಿ ವಾಟರ್‌ಫಾಲ್ (ಯಾವ ಫ್ರೀಕ್ವೆನ್ಸಿಯಲ್ಲಿ ಸಿಗ್ನಲ್ ಇದೆ ಎಂದು ತೋರಿಸುವ ಪರದೆಯ ಚಿತ್ರ) ಮೇಲೆ ಹಗಲೂ ರಾತ್ರಿ ಒಂದು ಗೆರೆ. ವಿಮಾನಗಳು ಕೇಳಿಸಿದರೂ ಟವರ್ ಮಾತು ಕೇಳಿಸುವುದೇ ಇಲ್ಲ. ಎಲ್‌ಎನ್‌ಎ ಹಾಕಿದ ಮೇಲೆ ಹಾಡು ಇನ್ನೂ ಜೋರಾಗಿದೆ. ಹತ್ತಿರದಲ್ಲಿ 93.5 ಮತ್ತು 106.4ರ ಎರಡು ಎಫ್‌ಎಂ ಕೇಂದ್ರಗಳಿವೆ. ಇನ್ನೂ ಒಳ್ಳೆಯ ಎಲ್‌ಎನ್‌ಎ ತರಿಸಲೇ, ಕಂಬ ಎತ್ತರಿಸಲೇ?

ಅಲೆಗಣಿತ:
ಎರಡೂ ಬೇಡ ಸರ್, ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ನಿಮ್ಮಲ್ಲಿ ಸಿಗ್ನಲ್ ಕಡಿಮೆಯಾಗಿಲ್ಲ, ವಿಪರೀತವಾಗಿದೆ.

ನೀವು ಕೊಟ್ಟ ಎರಡು ಕೇಂದ್ರಗಳ ಲೆಕ್ಕ ನೋಡಿ: 106.4ರ ಎರಡರಷ್ಟು 212.8, ಅದರಲ್ಲಿ 93.5 ಕಳೆದರೆ ಸರಿಯಾಗಿ 119.3. ಆ ಫ್ರೀಕ್ವೆನ್ಸಿಯಲ್ಲಿ ಹಾಡನ್ನು ಯಾರೂ ಪ್ರಸಾರ ಮಾಡುತ್ತಿಲ್ಲ, ಅದು ನಿಮ್ಮ ಎಲ್‌ಎನ್‌ಎ ಅಥವಾ ಡಾಂಗಲ್ ಒಳಗೇ ಹುಟ್ಟುತ್ತಿದೆ. ಆಂಪ್ಲಿಫೈಯರಿಗೆ ತಾಳಲಾರದಷ್ಟು ಸಿಗ್ನಲ್ ಬಂದಾಗ ಎರಡು ಪ್ರಬಲ ಅಲೆಗಳು ಬೆರೆತು ಹೀಗೆ ಮೂರನೆಯದನ್ನು ಹುಟ್ಟಿಸುತ್ತವೆ. ಇದು ಮೂರನೇ ದರ್ಜೆಯ ಇಂಟರ್‌ಮಾಡ್ಯುಲೇಶನ್. 119.3ರಲ್ಲಿ ಎಎಂ ಬಿಟ್ಟು ವೈಡ್ ಎಫ್‌ಎಂ ಮೋಡ್‌ಗೆ ಹೋಗಿ ಕೇಳಿ. ಎರಡು ಕೇಂದ್ರಗಳೂ ಒಟ್ಟಿಗೆ ಕೇಳಬೇಕು, ಅದರಲ್ಲೂ 106.4ರ ದನಿ ಒಡೆದು ಜೋರಾಗಿರಬೇಕು. ಲೆಕ್ಕದಲ್ಲಿ ಅದು ಎರಡು ಸಲ ಬರುವುದರಿಂದ ಅದರ ಡೀವಿಯೇಶನ್ (ಫ್ರೀಕ್ವೆನ್ಸಿಯ ಓಲಾಟ) ಕೂಡ ಇಮ್ಮಡಿಯಾಗುತ್ತದೆ.

ಖಚಿತಪಡಿಸಿಕೊಳ್ಳಲು ಸಿಗ್ನಲ್ ತಗ್ಗಿಸುವ 10 ಡಿಬಿ ಅಟೆನ್ಯುಯೇಟರ್ ಸಾಕು. ಇಲ್ಲದಿದ್ದರೆ ಮೂರು ರೆಸಿಸ್ಟರ್‌ಗಳಲ್ಲಿ ಮಾಡಿಕೊಳ್ಳಬಹುದು: ನಡುಕಂಬಿಯ ಸಾಲಿನಲ್ಲಿ 68 ಓಮ್, ಅದರ ಎರಡೂ ಬದಿಯಿಂದ ಗ್ರೌಂಡ್‌ಗೆ 100 ಓಮ್ ಒಂದೊಂದು. ಕಾಲುಗಳನ್ನು ಆದಷ್ಟು ಗಿಡ್ಡಗೆ ಕತ್ತರಿಸಿ. ಮೆಟಲ್ ಫಿಲ್ಮ್ ಅಥವಾ ಕಾರ್ಬನ್ ಫಿಲ್ಮ್ ಆದೀತು, ವೈರ್‌ವೌಂಡ್ ಮಾತ್ರ ಬೇಡ.

ಇದನ್ನು ಎಲ್‌ಎನ್‌ಎಗೆ ಮುಂಚೆ ಹಾಕಿದಾಗ ನಿಜವಾದ ಸಿಗ್ನಲ್ 10 ಡಿಬಿ ಇಳಿಯುತ್ತದೆ, ಒಳಗೆ ಹುಟ್ಟಿದ್ದು 30 ಡಿಬಿಯಷ್ಟು ಇಳಿಯುತ್ತದೆ. ಹಾಡು ಪೂರ್ತಿ ಮಾಯವಾಗಿ ವಿಮಾನದ ಮಾತು ಮಾತ್ರ ಉಳಿದರೆ ನನ್ನ ಮಾತು ನಿಜ. ಆಮೇಲೆ ಅದೇ ಅಟೆನ್ಯುಯೇಟರನ್ನು ಎಲ್‌ಎನ್‌ಎ ಮತ್ತು ಡಾಂಗಲ್ ನಡುವೆ ಹಾಕಿ. ಅಲ್ಲೂ ಹಾಡು ಹೋದರೆ ಒದ್ದಾಡುತ್ತಿರುವುದು ಡಾಂಗಲ್, ಹೋಗದಿದ್ದರೆ ಎಲ್‌ಎನ್‌ಎ.

ಸ್ಕ್ವೆಲ್ಚ್‌ಸಖ:
ಮೇಲಿನದಕ್ಕೆ ಗೇನ್ ವಿಷಯ ಸೇರಿಸುತ್ತೇನೆ. 49.6 ಅನ್ನುವುದು ಬಲವಾದ ಎಫ್‌ಎಂ ಇರುವ ಕಡೆ ನಡೆಯುವ ಗೇನ್ ಅಲ್ಲ. ಡಾಂಗಲ್‌ನ ಎಡಿಸಿ (ಸಿಗ್ನಲನ್ನು ಅಂಕಿಗಳಾಗಿಸುವ ಭಾಗ) ಬರೀ 8 ಬಿಟ್, ಆದರ್ಶ ಸ್ಥಿತಿಯಲ್ಲೂ ಬಲವಾದ ಮತ್ತು ಕ್ಷೀಣ ಸಿಗ್ನಲ್ ನಡುವೆ ಸುಮಾರು 50 ಡಿಬಿ ಅಂತರ ಮಾತ್ರ ಅದಕ್ಕೆ ನಿಭಾಯಿಸಲು ಸಾಧ್ಯ. ಗೇನನ್ನು ತಾನಾಗಿಯೇ ಬದಲಿಸುವ ಟ್ಯೂನರ್ ಎಜಿಸಿ, ಆರ್‌ಟಿಎಲ್ ಎಜಿಸಿ ಎರಡನ್ನೂ ಆಫ್ ಮಾಡಿ. ಗೇನ್ ಸೊನ್ನೆಯಿಂದ ಒಂದೊಂದೇ ಮೆಟ್ಟಿಲು ಏರಿಸುತ್ತ ನಾಯ್ಸ್ ಫ್ಲೋರ್ (ಗದ್ದಲದ ತಳಮಟ್ಟ) ನೋಡುತ್ತಿರಿ. ಮೊದಲು ಅದು ಕದಲುವುದಿಲ್ಲ, ಒಂದು ಹಂತದಲ್ಲಿ ಮೇಲೇಳಲು ಶುರುವಾಗುತ್ತದೆ. ಆಂಟೆನಾ ಕಿತ್ತಾಗ ಫ್ಲೋರ್ ಸ್ಪಷ್ಟವಾಗಿ ಇಳಿಯುವಷ್ಟು ಗೇನ್ ಇದ್ದರೆ ಸಾಕು. ಅದಕ್ಕಿಂತ ಮೇಲೆ ಏರಿಸಿದರೆ ಗದ್ದಲವೂ ಮಾತೂ ಒಟ್ಟಿಗೇ ಏರುತ್ತವೆ, ನಿಮಗೆ ಸಿಗುವುದೇನೂ ಇಲ್ಲ.

ಮೋಡ್ ಎಎಂ, ಫಿಲ್ಟರ್ ಅಗಲ 8ರಿಂದ 10 ಕಿಲೋಹರ್ಟ್ಸ್ ಇರಲಿ. 8.33 ಕಿಲೋಹರ್ಟ್ಸ್ ಅಂತರದ ಚಾನೆಲ್ ಆದರೆ 6ರ ಹತ್ತಿರಕ್ಕೆ ಇಳಿಸಿ. ಡಾಂಗಲ್‌ನಲ್ಲಿ ಟಿಸಿಎಕ್ಸ್ಒ (ಬಿಸಿ ಏರಿಳಿದರೂ ಫ್ರೀಕ್ವೆನ್ಸಿ ಸ್ಥಿರವಾಗಿಡುವ ಆಸಿಲೇಟರ್) ಇಲ್ಲದಿದ್ದರೆ ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಎಂಬ ಲೆಕ್ಕದ ಫ್ರೀಕ್ವೆನ್ಸಿ ತಪ್ಪು) ಸರಿಪಡಿಸಿಕೊಳ್ಳಿ. 50 ಪಿಪಿಎಂ ತಪ್ಪು ಅಂದರೆ 127 ಮೆಗಾಹರ್ಟ್ಸ್‌ನಲ್ಲಿ 6.3 ಕಿಲೋಹರ್ಟ್ಸ್ ಆಚೀಚೆ. ಅಷ್ಟು ಸರಿದರೆ ಫಿಲ್ಟರಿನ ಆಚೆಗೇ ಹೋಗುತ್ತದೆ.

ತಂತಿಮನೆ:
ಎಲ್ಲ ಮಾಡಿ ನೋಡಿದೆ. ವೈಡ್ ಎಫ್‌ಎಂನಲ್ಲಿ ಎರಡೂ ಕೇಂದ್ರಗಳು ಒಟ್ಟಿಗೆ ಕೇಳಿದವು. ಅಟೆನ್ಯುಯೇಟರ್ ಎಲ್‌ಎನ್‌ಎಗೆ ಮುಂಚೆ ಇದ್ದರೂ ನಂತರ ಇದ್ದರೂ ಹಾಡು ಹೋಗುತ್ತದೆ. ಎಲ್‌ಎನ್‌ಎ ತೆಗೆದು ಗೇನ್ 28ಕ್ಕೆ ಇಳಿಸಿದ ಮೇಲೆ ಹಾಡು ತುಂಬ ಕ್ಷೀಣ, ಆದರೆ ಪೂರ್ತಿ ಹೋಗಿಲ್ಲ. ಹಾಗಾಗಿ 106.4ಕ್ಕೆ ಲೆಕ್ಕ ಹಾಕಿ, ತುದಿ ತೆರೆದ ಕಾಲು ತರಂಗದ ಕೇಬಲ್ ತುಂಡು 46.5 ಸೆಂ.ಮೀ. ಕತ್ತರಿಸಿ ಟಿ ಕನೆಕ್ಟರಿನಲ್ಲಿ ಸಿಕ್ಕಿಸಿದೆ. ಹಾಡು ಹೋಯಿತು, ಜೊತೆಗೆ ವಿಮಾನಗಳೂ ಕುಗ್ಗಿಹೋದವು. ಏಕೆ?

ಅಲೆಗಣಿತ:
ಹಾಗಾದರೆ ತಾಳಲಾರದೆ ಒದ್ದಾಡುತ್ತಿದ್ದದ್ದು ಡಾಂಗಲ್. ನೀವು ಎಲ್‌ಎನ್‌ಎ ತೆಗೆದದ್ದು ಸರಿ. 15 ಮೀಟರ್ ಆರ್‌ಜಿ-58ರಲ್ಲಿ ಈ ಬ್ಯಾಂಡಿಗೆ ಹೋಗುವುದು ಎರಡೂವರೆ, ಮೂರು ಡಿಬಿ ಅಷ್ಟೇ. ಅದಕ್ಕಾಗಿ 20 ಡಿಬಿ ಎಲ್‌ಎನ್‌ಎ ಬೇಕಿಲ್ಲ. ಮುಂದೆ ಉದ್ದದ ಕೇಬಲ್ ಬಂದು ಬೇಕೇಬೇಕು ಅನಿಸಿದರೆ ಆಂಟೆನಾ ಬುಡದಲ್ಲಿ ಹಾಕಿ, ಅದಕ್ಕೂ ಮುಂಚೆ 88–108 ತಡೆಯುವ ಫಿಲ್ಟರ್ ಇರಲಿ.

ಈಗ ಸ್ಟಬ್, ಅಂದರೆ ನೀವು ಟಿಯಲ್ಲಿ ಸಿಕ್ಕಿಸಿದ ಕೇಬಲ್ ತುಂಡು. ತುದಿ ತೆರೆದ ಕಾಲು ತರಂಗದ ಸ್ಟಬ್ ತನ್ನ ಫ್ರೀಕ್ವೆನ್ಸಿಯಲ್ಲಿ ಟಿ ಜಾಗವನ್ನು ಶಾರ್ಟ್ ಮಾಡುತ್ತದೆ. ಆದರೆ ಅದರ ಹಿಡಿತ ಅಗಲ. 106.4ಕ್ಕೆ ಕತ್ತರಿಸಿದ್ದು 119.3ರಲ್ಲಿ ಹೆಚ್ಚು ಕಡಿಮೆ 9 ಡಿಬಿ ನುಂಗುತ್ತದೆ, 127ರಲ್ಲಿ ಐದೂವರೆ. ವಿಮಾನ ಕುಗ್ಗಿದ್ದು ಅದಕ್ಕೇ.

ಎರಡು ಬದಲಾವಣೆ ಮಾಡಿ. ಮೊದಲನೆಯದು, 106.4ರ ಬದಲು 93.5ನ್ನು ಹಿಡಿಯಿರಿ. ಬೆರಕೆಗೆ ಎರಡೂ ಬೇಕಾದ್ದರಿಂದ ಒಂದನ್ನು ಕೊಂದರೆ ಸಾಕು. 106.4 ಇಳಿಸಿದರೆ ಲಾಭ ಇಮ್ಮಡಿ ನಿಜ, ಆದರೆ ಅದು ಏರ್‌ಬ್ಯಾಂಡಿಗೆ ತೀರ ಹತ್ತಿರ. 93.5 ದೂರದಲ್ಲಿದೆ. ಎರಡನೆಯದು, ತುದಿ ಮುಚ್ಚಿದ ಅರ್ಧ ತರಂಗದ ಸ್ಟಬ್ ಮಾಡಿ, ಅಂದರೆ ತುದಿಯಲ್ಲಿ ನಡುಕಂಬಿಗೂ ಹೆಣೆದ ಜಾಲರಿಗೂ ಬೆಸುಗೆ. 93.5ರಲ್ಲಿ ಇದು 20 ಡಿಬಿಗೂ ಹೆಚ್ಚು ತಡೆಯುತ್ತದೆ. ಅದೇ ಉದ್ದ 140ರಲ್ಲಿ ಮುಕ್ಕಾಲು ತರಂಗವಾಗುವುದರಿಂದ ಅಲ್ಲಿ ಸ್ಟಬ್ ಇದ್ದೂ ಇಲ್ಲದಂತೆ. ಹೀಗಾಗಿ 119.3ರಲ್ಲಿ ನಷ್ಟ ಒಂದು ಡಿಬಿಯೂ ಇಲ್ಲ, ಮೇಲಕ್ಕೆ ಹೋದಂತೆ ಇನ್ನೂ ಕಡಿಮೆ.

ಉದ್ದ: 15000ವನ್ನು 93.5ರಿಂದ ಭಾಗಿಸಿದರೆ ಗಾಳಿಯಲ್ಲಿನ ಅರ್ಧ ತರಂಗ 160.4 ಸೆಂ.ಮೀ. ಘನ ಪಾಲಿಥೀನ್ ಇರುವ ಆರ್‌ಜಿ-58ರ ವೇಗಾಂಶ (ಕೇಬಲಿನಲ್ಲಿ ಅಲೆಯ ವೇಗ ಬೆಳಕಿನ ವೇಗದ ಎಷ್ಟು ಪಾಲು ಎಂಬುದು) 0.66, ಅದರಿಂದ ಗುಣಿಸಿದರೆ 106 ಸೆಂ.ಮೀ. ಫೋಮ್ ಇರುವ ಕೇಬಲ್ ಆದರೆ ವೇಗಾಂಶ 0.8ರ ಆಸುಪಾಸು, ಉದ್ದವೂ ಅಷ್ಟೇ ಜಾಸ್ತಿ. ಬಹುತೇಕ ಸ್ಟಬ್‌ಗಳು ಕೆಡುವುದು ಇಲ್ಲೇ. ಅಳತೆ ಟಿ ಕನೆಕ್ಟರಿನ ನಡುವಿನಿಂದ, ಕೇಬಲ್ ಶುರುವಾಗುವಲ್ಲಿಂದ ಅಲ್ಲ.

ಒಂದೇ ಏಟಿಗೆ ಕತ್ತರಿಸಬೇಡಿ. 112 ಸೆಂ.ಮೀ. ಬಿಟ್ಟುಕೊಳ್ಳಿ. ಗೇನ್ ತೀರ ಕಡಿಮೆ ಇಟ್ಟು ವಾಟರ್‌ಫಾಲ್‌ನಲ್ಲಿ 93.5 ನೋಡುತ್ತ, ಒಂದು ಗುಂಡುಪಿನ್ನನ್ನು ಕೇಬಲ್‌ಗೆ ಅಡ್ಡವಾಗಿ, ಜಾಲರಿ ದಾಟಿ ನಡುಕಂಬಿಗೆ ತಾಗುವಂತೆ ಚುಚ್ಚಿ. 109ರಿಂದ ಶುರುಮಾಡಿ ಒಂದೊಂದು ಸೆಂ.ಮೀ. ಒಳಕ್ಕೆ ಬನ್ನಿ. ಒಂದು ಜಾಗದಲ್ಲಿ ಕೇಂದ್ರದ ಗುಡ್ಡ ತಟ್ಟನೆ ಕುಸಿಯುತ್ತದೆ. ದಾಟಿ ಹೋದರೆ ಮತ್ತೆ ಏಳುತ್ತದೆ. ಕುಸಿದ ಜಾಗದಲ್ಲೇ ಕತ್ತರಿಸಿ, ಬೆಸೆದು, ಟೇಪ್ ಸುತ್ತಿ. ಒಂದು ಸೆಂ.ಮೀ. ಹೆಚ್ಚು ಕಡಿಮೆಯಾದರೆ ಸುಮಾರು 0.9 ಮೆಗಾಹರ್ಟ್ಸ್ ಸರಿಯುತ್ತದೆ, ಆದ್ದರಿಂದ ಅವಸರ ಬೇಡ.

ಸ್ಕ್ವೆಲ್ಚ್‌ಸಖ:
125.000ರ ಗೆರೆ ಬಹುಮಟ್ಟಿಗೆ ನೆಟ್‌ವರ್ಕ್ ಕೇಬಲಿನದು. 100 ಮೆಗಾಬಿಟ್ ಆಗಲಿ ಗಿಗಾಬಿಟ್ ಆಗಲಿ, ಈಥರ್ನೆಟ್ ಓಡುವುದು ಸೆಕೆಂಡಿಗೆ 12.5 ಕೋಟಿ ಸಂಕೇತಗಳ ಲಯದಲ್ಲಿ. ಕಂಪ್ಯೂಟರಿನಿಂದ ನೆಟ್‌ವರ್ಕ್ ಕೇಬಲ್ ಕಿತ್ತು ನೋಡಿ, ಆಮೇಲೆ ರೌಟರ್ ಆಫ್ ಮಾಡಿ ನೋಡಿ. ಬಳಿಕ ಆಂಟೆನಾ ಕೇಬಲ್ ಕಿತ್ತು ನೋಡಿ. ಆಗಲೂ ಗೆರೆ ಉಳಿದರೆ ಅದು ಯುಎಸ್‌ಬಿ ಮೂಲಕ ಒಳಗೆ ನುಸುಳುತ್ತಿದೆ. ಡಾಂಗಲ್‌ನ್ನು ಕಂಪ್ಯೂಟರಿಗೇ ಚುಚ್ಚುವ ಬದಲು ಒಂದೆರಡು ಮೀಟರ್ ಒಳ್ಳೆಯ ಶೀಲ್ಡ್ ಇರುವ ಯುಎಸ್‌ಬಿ ಎಕ್ಸ್‌ಟೆನ್ಶನ್ ಬಳಸಿ, ಎರಡೂ ತುದಿಗೆ 31 ಅಥವಾ 43 ಮಿಶ್ರಣದ ಕ್ಲಿಪ್ ಫೆರೈಟ್ (ಕೇಬಲಿನ ಮೇಲೆ ಬರುವ ಗದ್ದಲ ತಡೆಯುವ ಉಂಗುರ) ಹಾಕಿ. ನೆಟ್‌ವರ್ಕ್ ಕೇಬಲನ್ನೂ ಫೆರೈಟ್ ಮೂಲಕ ಎರಡು ಮೂರು ಸುತ್ತು ತನ್ನಿ. ಕೋಆಕ್ಸ್ ಪಕ್ಕದಲ್ಲೇ ಅದನ್ನು ಓಡಿಸಬೇಡಿ.

ಟವರ್ ಕೇಳದಿರುವುದು ನಿಮ್ಮ ರಿಸೀವರಿನ ದೋಷ ಅಲ್ಲದಿರಬಹುದು. ಈ ಅಲೆಗಳು ಹೆಚ್ಚು ಕಡಿಮೆ ನೇರ ದೃಷ್ಟಿಯಲ್ಲೇ ಸಾಗುತ್ತವೆ. ಎತ್ತರದ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ ಕಿಲೋಮೀಟರಿನಲ್ಲಿ ಸಿಗುತ್ತದೆ. 10,000 ಮೀಟರ್ ಮೇಲಿನ ವಿಮಾನಕ್ಕೆ 412 ಕಿ.ಮೀ. 25 ಮೀಟರ್ ಎತ್ತರದ ಟವರ್ ಆಂಟೆನಾಕ್ಕೆ 20, ನಿಮ್ಮ ತಾರಸಿ 9 ಮೀಟರ್ ಇದ್ದರೆ 12, ಎರಡೂ ಕೂಡಿ 32 ಕಿ.ಮೀ. ಅದರಾಚೆ ಇದ್ದರೆ ಅಥವಾ ನಡುವೆ ಗುಡ್ಡ ಬಂದರೆ ಪೈಲಟ್ ಮಾತ್ರ ಕೇಳುತ್ತಾರೆ. ವಿಮಾನ ನಿಲ್ದಾಣದ ಎಟಿಐಎಸ್ (ಹವಾಮಾನ, ರನ್‌ವೇ ಮಾಹಿತಿ ಸಾರುವ ಧ್ವನಿ ಪ್ರಸಾರ) ಫ್ರೀಕ್ವೆನ್ಸಿ ಹುಡುಕಿ ಪರೀಕ್ಷೆಗೆ ಇಟ್ಟುಕೊಳ್ಳಿ. ಅದು ನೆಲದಿಂದ ಬಿಡುವಿಲ್ಲದೆ ಬರುತ್ತಿರುತ್ತದೆ, ಕಂಬ ಅರ್ಧ ಮೀಟರ್ ಸರಿಸಿದರೂ ವ್ಯತ್ಯಾಸ ಅಳೆಯಬಹುದು.

ತಂತಿಮನೆ:
ಗುಂಡುಪಿನ್ನಿನ ಉಪಾಯ ಕೆಲಸ ಮಾಡಿತು ಸರ್, 105ರಲ್ಲಿ ಕುಸಿಯಿತು. 119.3 ಈಗ ಶುಭ್ರ, ಗೇನ್ 33ಕ್ಕೆ ಏರಿಸಿದರೂ ಹಾಡು ಬರುವುದಿಲ್ಲ. ನೆಟ್‌ವರ್ಕ್ ಕೇಬಲ್ ಕಿತ್ತಾಗ 125.000ರ ಗೆರೆಯೂ ಹೋಯಿತು, ಫೆರೈಟ್ ತರಬೇಕು. ಈ ಸ್ಟಬ್ ಹೀಗೇ ಶಾಶ್ವತವಾಗಿ ಬಿಡಬಹುದೇ?

ಅಲೆಗಣಿತ:
ಧಾರಾಳವಾಗಿ ಬಿಡಿ, ಆದರೆ ಟಿ ಮತ್ತು ಸ್ಟಬ್ ಮನೆಯೊಳಗೇ ಇರಲಿ. ಜಾಲರಿಗೆ ನೀರು ಇಳಿದರೆ ತಡೆಯುವ ಜಾಗ ಸರಿಯುತ್ತದೆ. ಒಂದು ಎಚ್ಚರ: ತುದಿ ಬೆಸೆದಿರುವುದರಿಂದ ಡಿಸಿಗೆ ಇದು ನೇರ ಶಾರ್ಟ್. ನಿಮ್ಮ ಡಾಂಗಲ್‌ನಲ್ಲಿ ಬಯಾಸ್ ಟೀ (ಆಂಟೆನಾ ಕೇಬಲ್ ಮೂಲಕ ಡಿಸಿ ಕರೆಂಟ್ ಕಳಿಸುವ ವ್ಯವಸ್ಥೆ) ಇದ್ದರೆ ಸಾಫ್ಟ್‌ವೇರಿನಲ್ಲಿ ಅದು ಆಫ್ ಆಗಿದೆಯೇ ಈಗಲೇ ನೋಡಿ. ಮುಂದೆ ಕೇಬಲ್ ಮೂಲಕ ಕರೆಂಟ್ ಪಡೆಯುವ ಎಲ್‌ಎನ್‌ಎ ಹಾಕುವುದಾದರೆ ಬೆಸುಗೆ ಬಿಡಿಸಿ, ತುದಿಯಲ್ಲಿ ಕಾಲು ಗಿಡ್ಡಗಿರುವ 1000 ಪಿಕೋಫ್ಯಾರಡ್ ಸೆರಾಮಿಕ್ ಕೆಪ್ಯಾಸಿಟರ್ ಸೇರಿಸಿ. ಡಿಸಿ ನಿಲ್ಲುತ್ತದೆ, 93.5ಕ್ಕೆ ಅದು ಎರಡು ಓಮ್ ಕೂಡ ಅಲ್ಲ. ಕಾಲುಗಳ ಇಂಡಕ್ಟೆನ್ಸ್‌ನಿಂದ ಕುಸಿಯುವ ಜಾಗ ತುಸು ಬದಲಾಗಬಹುದು, ವಾಟರ್‌ಫಾಲ್ ನೋಡಿಕೊಂಡು ಉದ್ದ ಸರಿಮಾಡಿಕೊಳ್ಳಿ.