ಬೆಂಗಳೂರಿನಿಂದ ಬರ್ಮಿಂಗ್‌ಹ್ಯಾಮ್‌ಗೆ: ಸ್ವಿಫ್ಟ್, ಇಂಟರ್‌ಸೆಪ್ಟರ್ ಎರಡರಲ್ಲಿ ಯಾವುದನ್ನು ಹಡಗು ಹತ್ತಿಸುವುದು?

ಮಲ್ಲೇಶ್ವರ_ಎಂಟನೇಕ್ರಾಸ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕೆಲಸದ ವೀಸಾ ಮೇಲೆ ಐದು ವರ್ಷಕ್ಕೆ ಬರ್ಮಿಂಗ್‌ಹ್ಯಾಮ್‌ಗೆ ಹೊರಟಿದ್ದೇವೆ. ಕಂಪನಿಯವರು 20 ಅಡಿಯ ಒಂದು ಪೂರ್ತಿ ಕಂಟೇನರ್ ಕೊಡುತ್ತಿದ್ದಾರೆ. ಮನೆ ಸಾಮಾನು ಅದರಲ್ಲಿ ಅರ್ಧ ತುಂಬಿದರೆ ಹೆಚ್ಚು. ಉಳಿದ ಜಾಗಕ್ಕೆ 2018ರ ಪೆಟ್ರೋಲ್ ಸ್ವಿಫ್ಟ್ (ಬಿಎಸ್4), 2021ರ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಬೈಕು (ಬಿಎಸ್6) ಎರಡೂ ಇವೆ. ಬೈಕಿನ ಲೋನ್ ಮುಗಿದಿದೆ, ಆರ್‌ಸಿಯಲ್ಲಿ ಎಚ್‌ಪಿ (ಸಾಲ ಕೊಟ್ಟ ಬ್ಯಾಂಕಿನ ಹೆಸರು) ಇನ್ನೂ ಹಾಗೇ ಕೂತಿದೆ. ಅಲ್ಲೂ ಬಲಗಡೆ ಸ್ಟೀರಿಂಗ್, ಎಡಗಡೆ ಓಡಾಟ, ಹಾಗಾಗಿ ತಗೊಂಡು ಹೋಗುವುದೇ ಲಾಭ ಅಂತ ಮನೆಯಲ್ಲಿ ವಾದ. ಸುಂಕ, ಟೆಸ್ಟ್, ಇನ್ಶೂರೆನ್ಸ್, ಲೈಸೆನ್ಸ್ ಎಲ್ಲ ಸೇರಿಸಿ ನೋಡಿದರೆ ನಿಜವಾಗಿ ಹೇಗೆ?

---

ಸುಂಕದಕಟ್ಟೆ ಉತ್ತರ:

ಮೊದಲು ಅಳತೆ ಟೇಪು ತೆಗೀರಿ ಸಾರ್, ಸುಂಕ ಆಮೇಲೆ. 20 ಅಡಿ ಕಂಟೇನರಿನ ಒಳ ಉದ್ದ ಸುಮಾರು 5.9 ಮೀಟರ್, ಅಗಲ 2.35, ಎತ್ತರ 2.39. ನಿಮ್ಮ ಸ್ವಿಫ್ಟ್ 3.84 ಮೀಟರ್. ಅದು ಒಳಗೆ ಹೋದ ಮೇಲೆ ಉಳಿಯುವುದು ಎರಡು ಮೀಟರ್ ಚಿಲ್ಲರೆ. ಅದರಲ್ಲೂ ಕಟ್ಟಲು, ಬಾಗಿಲು ಹಾಕಲು ಒಂದಿಷ್ಟು ಹೋಗುತ್ತದೆ. ಕಾರಿನ ಮೇಲೆ ಅಟ್ಟಣಿಗೆ ಕಟ್ಟಿಸದಿದ್ದರೆ ನಿಮ್ಮ ಅರ್ಧ ಕಂಟೇನರ್ ಮನೆ ಸಾಮಾನಿಗೆ ಜಾಗವೇ ಇಲ್ಲ. ಅದೇ ಇಂಟರ್‌ಸೆಪ್ಟರ್ ಉದ್ದ 2.12 ಮೀಟರ್. ಕಂಟೇನರಿನ ಅಗಲ 2.35 ಇರುವುದರಿಂದ ಚಕ್ರ ಬಿಚ್ಚದೆ ಅಡ್ಡಡ್ಡ ನಿಲ್ಲಿಸಬಹುದು. ತಿನ್ನುವುದು ಒಂದು ಮೀಟರ್ ಅಷ್ಟೇ. ಅಂದರೆ ಬೈಕಿಗೆ ಸಾಗಣೆ ಹೆಚ್ಚುಕಡಿಮೆ ಪುಕ್ಕಟೆ, ಕಾರಿಗೆ ಪುಕ್ಕಟೆ ಅಲ್ಲ.

ಈಗ ಸುಂಕ. ವಾಸ ಬದಲಾವಣೆಯ ರಿಯಾಯಿತಿ ಇದೆ, ಅಲ್ಲಿನವರು ಟಿಒಆರ್ ಅನ್ನುತ್ತಾರೆ. ಹಿಂದಿನ 12 ತಿಂಗಳು ಸತತವಾಗಿ ಬ್ರಿಟನ್ನಿನ ಹೊರಗೆ ವಾಸವಿದ್ದಿರಬೇಕು, ಗಾಡಿ ಕನಿಷ್ಠ 6 ತಿಂಗಳಿಂದ ನಿಮ್ಮ ಹೆಸರಲ್ಲಿದ್ದು ಬಳಕೆಯಲ್ಲಿರಬೇಕು, ನೀವು ಹೋಗಿ ಇಳಿದ 12 ತಿಂಗಳೊಳಗೆ ಅದೂ ಅಲ್ಲಿಗೆ ತಲುಪಬೇಕು. ಬಂದ ಮೇಲೆ 12 ತಿಂಗಳು ಮಾರುವಂತಿಲ್ಲ, ಬಾಡಿಗೆಗೋ ಎರವಲೋ ಕೊಡುವಂತಿಲ್ಲ. ಇದು ಸಿಕ್ಕರೆ ಸುಂಕವೂ ಇಲ್ಲ, ವ್ಯಾಟೂ ಇಲ್ಲ.

ಸಿಗದಿದ್ದರೆ ಕಾರಿಗೆ 10% ಸುಂಕ, ಅದರ ಮೇಲೆ 20% ವ್ಯಾಟ್. ವ್ಯಾಟ್ ಬೀಳುವುದು ಗಾಡಿ ಬೆಲೆಯ ಮೇಲೆ ಮಾತ್ರ ಅಲ್ಲ. ಸಾಗಣೆ, ಇನ್ಶೂರೆನ್ಸ್, ಸುಂಕ ಎಲ್ಲ ಕೂಡಿದ ಮೊತ್ತದ ಮೇಲೆ. ಉದಾಹರಣೆಗೆ ಗಾಡಿ 3,000 ಪೌಂಡ್, ಸಾಗಣೆ ವಗೈರೆ 1,000 ಅಂದುಕೊಳ್ಳಿ. ಸುಂಕ 400, ವ್ಯಾಟ್ 4,400ಕ್ಕೆ 880, ಒಟ್ಟು 1,280 ಪೌಂಡ್. ಹಳೇ ಸ್ವಿಫ್ಟಿಗೆ ಇದು ದಂಡವೇ.

ಜನ ಎಡವುವುದು ಒಂದೇ ಕಡೆ: ಕಂಟೇನರ್ ಹಡಗು ಹತ್ತಿದ ಮೇಲೆ ಟಿಒಆರ್ ಅರ್ಜಿ ಹಾಕುತ್ತಾರೆ. ಒಪ್ಪಿಗೆ ನಂಬರ್ ಬರುವ ತನಕ ಕಂಟೇನರ್ ಬಂದರಿನಲ್ಲಿ ಕೂತು ದಿನದ ಬಾಡಿಗೆ ಓಡುತ್ತದೆ. ನಂಬರ್ ಕೈಗೆ ಬಂದ ಮೇಲೆಯೇ ಲೋಡ್ ಮಾಡಿಸಿ. ಅರ್ಜಿಯ ಸಾಮಾನು ಪಟ್ಟಿಯಲ್ಲಿ ಗಾಡಿಯನ್ನು ಚಾಸಿಸ್ ನಂಬರ್ ಸಮೇತ ಬೇರೆಯಾಗಿ ಬರೆಯಿರಿ. ಗಾಡಿ ಇಳಿದ 14 ದಿನದೊಳಗೆ ನೋವಾ ಎಂಬ ವ್ಯವಸ್ಥೆಯಲ್ಲಿ ತೆರಿಗೆ ಇಲಾಖೆಗೆ ತಿಳಿಸಬೇಕು. ಅದಿಲ್ಲದೆ ಅಲ್ಲಿನ ಆರ್‌ಟಿಓ, ಅಂದರೆ ಡಿವಿಎಲ್‌ಎ, ನಿಮ್ಮ ಫೈಲನ್ನೇ ಮುಟ್ಟುವುದಿಲ್ಲ.

---

ಸ್ಪ್ಯಾನರ್_ಹತ್ತುಹನ್ನೆರಡು ಉತ್ತರ:

ಸುಂಕದಕಟ್ಟೆಯವರು ಬಾಗಿಲ ತನಕ ತಂದು ಬಿಟ್ಟರು. ಒಳಗಿರುವುದು ಟೆಸ್ಟು.

ತಯಾರಾಗಿ 10 ವರ್ಷ ದಾಟದ ಗಾಡಿಗೆ ಅಲ್ಲಿನ ಮಾನದಂಡದ ಒಪ್ಪಿಗೆ ಪತ್ರ ಬೇಕು. ಭಾರತದ ಮಾರುಕಟ್ಟೆಗೆ ಮಾಡಿದ ಗಾಡಿಗೆ ಅದು ಇರುವುದಿಲ್ಲ. 'ಇದೇ ಇಂಟರ್‌ಸೆಪ್ಟರನ್ನು ಅಲ್ಲೂ ಮಾರುತ್ತಾರಲ್ಲ' ಅಂದರೆ ನಡೆಯುವುದಿಲ್ಲ, ಪತ್ರ ಚಾಸಿಸ್ ನಂಬರಿಗೆ ಕೊಡುವುದು, ಮಾಡೆಲ್ ಹೆಸರಿಗಲ್ಲ. ಹಾಗಾಗಿ ಕಾರಿಗೆ ಐವಿಎ, ಬೈಕಿಗೆ ಎಂಎಸ್‌ವಿಎ ಅನ್ನುವ ಒಂಟಿ ಗಾಡಿ ತಪಾಸಣೆ. ವಾಸ ಬದಲಿಸುವವರು ಸ್ವಂತಕ್ಕೆ ತಂದ ಕಾರಿಗೆ ಐವಿಎಯ 'ಬೇಸಿಕ್' ದರ್ಜೆ ಸಾಕು. ಅದರಲ್ಲಿ ಮುಖ್ಯವಾಗಿ ಕಣ್ಣಿನ ತಪಾಸಣೆ, ಬ್ರೇಕು, ಹೊಗೆ ಇಂಥವು. ಕಾಗದದ ಪುರಾವೆ ಸಾಮಾನ್ಯವಾಗಿ ಕೇಳುವುದಿಲ್ಲ. ಇದು ತಿಳಿಯದೆ ದುಬಾರಿ ದರ್ಜೆಗೆ ದುಡ್ಡು ಕಟ್ಟುವವರಿದ್ದಾರೆ.

'10 ವರ್ಷ ಆಗಲಿ, ಆಮೇಲೆ ಟೆಸ್ಟಿಲ್ಲದೆ ತರಿಸೋಣ' ಅನ್ನುವ ಯೋಚನೆ ಬಂದರೆ ಈಗಲೇ ಬಿಡಿ. ಅಷ್ಟರಲ್ಲಿ ಟಿಒಆರ್‌ನ 12 ತಿಂಗಳು ಕಳೆದಿರುತ್ತದೆ. ಟೆಸ್ಟ್ ಉಳಿಸಲು ಹೋಗಿ ತೆರಿಗೆ ಕಟ್ಟಿದಂತಾಗುತ್ತದೆ.

ಸ್ವಿಫ್ಟಿನಲ್ಲಿ ಎಲ್ಲಿ ಸಿಕ್ಕಿಬೀಳುತ್ತೀರಿ ಅಂದರೆ, ಮೊದಲನೆಯದು ಸ್ಪೀಡೋಮೀಟರ್. ಅಲ್ಲಿ ಮೈಲಿ ಲೆಕ್ಕ ಕಾಣಬೇಕು. ಮುಳ್ಳಿನ ಮೀಟರಿಗೆ ಮೈಲಿ ಅಂಕಿಯ ಡಯಲ್ ಅಂಟಿಸಬಹುದು, 80 ಕಿ.ಮೀ. ಗುರುತಿನ ಜಾಗಕ್ಕೆ 50 ಬರುವ ಹಾಗೆ. ಇಡೀ ಕ್ಲಸ್ಟರ್ ಬದಲಿಸಿದರೆ ಓಡೋಮೀಟರ್ ಲೆಕ್ಕ ತಪ್ಪುತ್ತದೆ, ಆಗ ಹಳೇ ರೀಡಿಂಗಿನ ಫೋಟೊ, ಬಿಲ್ಲು ಎರಡೂ ಇಟ್ಟುಕೊಳ್ಳಿ. ಎರಡನೆಯದು ಹಿಂದಿನ ಫಾಗ್ ಲ್ಯಾಂಪ್. ನಮ್ಮಲ್ಲಿ ಎಷ್ಟೋ ಹ್ಯಾಚ್‌ಬ್ಯಾಕ್‌ಗಳಿಗೆ ಅದೇ ಇಲ್ಲ. ಅಲ್ಲಿ ಕಡ್ಡಾಯ, ಅದೂ ನಡುವೆ ಅಥವಾ ಬಲಗಡೆ. ಎಡಗಡೆ ಒಂದೇ ಇದ್ದರೆ ಫೇಲ್. ಡ್ಯಾಶ್‌ಬೋರ್ಡಿನಲ್ಲಿ ಅದರ ಸೂಚನಾ ದೀಪವೂ ಉರಿಯಬೇಕು. ಆಮೇಲೆ ಗಾಜು, ಲ್ಯಾಂಪು, ಟೈರುಗಳ ಮೇಲೆ ವೃತ್ತದೊಳಗಿನ 'ಇ' ಗುರುತು (ಮಾನದಂಡದ ಒಪ್ಪಿಗೆ ಮುದ್ರೆ) ಇದೆಯೇ ಇಲ್ಲೇ ನೋಡಿಕೊಳ್ಳಿ. ಒಂದು ನೆಮ್ಮದಿ ಏನೆಂದರೆ ಹೆಡ್‌ಲೈಟ್ ಡಿಪ್ ನಮ್ಮದೂ ಎಡಕ್ಕೇ ಬಾಗುತ್ತದೆ. ಯುರೋಪಿಗೆ ಒಯ್ದಿದ್ದರೆ ಅದನ್ನೂ ಬದಲಿಸಬೇಕಿತ್ತು.

ಬೈಕಿನಲ್ಲಿ ಸೀರೆ ಗಾರ್ಡ್, ಮುಂದಿನ ನಂಬರ್ ಪ್ಲೇಟ್, ಕ್ರ್ಯಾಶ್ ಗಾರ್ಡ್ ಮೂರನ್ನೂ ಬಿಚ್ಚಿ. ಮುಂದಿನ ಪ್ಲೇಟು ಅಲ್ಲಿ ಬೈಕಿಗೆ ಬೇಕಿಲ್ಲ, ಅದರ ಚೂಪು ಅಂಚು ತಪಾಸಣೆಯಲ್ಲಿ ತೊಂದರೆ. ಸೈಲೆನ್ಸರ್ ಬದಲಿಸಿದ್ದರೆ ಕಂಪನಿಯದನ್ನೇ ಮತ್ತೆ ಹಾಕಿ. ಗುರುತಿಲ್ಲದ ಸೈಲೆನ್ಸರಿಗೆ ಅಲ್ಲಿ ಜಾಗವಿಲ್ಲ. ಮೀಟರಿಗೆ ಮೈಲಿ ಡಯಲ್ ಇದಕ್ಕೂ ಬೇಕು.

3 ವರ್ಷ ದಾಟಿದ ಗಾಡಿಗಳಾದ್ದರಿಂದ ಇದರ ಜೊತೆ ಎಂಒಟಿ (ಅಲ್ಲಿನ ವಾರ್ಷಿಕ ಗಾಡಿ ತಪಾಸಣೆ) ಬೇರೆ. ಮೊದಲೇ ಬುಕ್ ಮಾಡಿದ ಟೆಸ್ಟಿಗೆ ನಂಬರಿಲ್ಲದ ಗಾಡಿಯನ್ನು ಓಡಿಸಿಕೊಂಡು ಹೋಗಬಹುದು, ಆದರೆ ಚಾಸಿಸ್ ನಂಬರಿನ ಮೇಲೆ ಇನ್ಶೂರೆನ್ಸ್ ಮಾಡಿಸಿರಬೇಕು.

---

ಹುಬ್ಳಿಮಂದಿ ಉತ್ತರ:

ಟೆಸ್ಟು, ಸುಂಕ ಎಲ್ಲಾ ಬರೋಬ್ಬರಿ ಹೇಳ್ಯಾರ. ಖರೇ ಅಂದ್ರ ರೊಕ್ಕ ಸೋರೂದು ಇನ್ಶೂರೆನ್ಸ್‌ನ್ಯಾಗ. ಅಲ್ಲಿ ಪ್ರತಿ ಮಾಡೆಲ್ಲಿಗೂ ಒಂದು ಇನ್ಶೂರೆನ್ಸ್ ಗುಂಪು ಇರತದ. ಭಾರತದ ಸ್ವಿಫ್ಟು ಯಾವ ಗುಂಪಿಗೂ ಸೇರೂದಿಲ್ಲ. ಹೆಸರು ಒಂದ ಆದ್ರೂ ಎಂಜಿನ್ನು, ಏರ್‌ಬ್ಯಾಗು ಬ್ಯಾರೆ. ನಂಬರ್ ಹಾಕಿ ದರ ನೋಡೋ ವೆಬ್‌ಸೈಟ್ ಕೆಲಸಕ್ಕ ಬರೂದಿಲ್ಲ, ಇಂಪೋರ್ಟ್ ಗಾಡಿಗೆ ಮಾಡಿಕೊಡೋ ಬ್ರೋಕರಿಗೆ ಫೋನ್ ಹಚ್ಚಬೇಕು. ಹಡಗು ಬುಕ್ ಮಾಡೂದಕ್ಕಿಂತ ಮೊದಲ ಇಲ್ಲಿಂದನ ಎರಡು-ಮೂರು ಕಡೆ ದರ ಕೇಳ್ರಿ. ಆ ದರ ನೋಡಿದ ಮ್ಯಾಲೆ ಅರ್ಧ ಮಂದಿ ಕಾರಿನ ಆಸೆ ಬಿಡತಾರ. ನಿಮ್ಮ ಎನ್‌ಸಿಬಿ (ಕ್ಲೇಮ್ ಮಾಡದ ವರ್ಷಗಳ ರಿಯಾಯಿತಿ) ಪತ್ರ ಲೆಟರ್‌ಹೆಡ್ ಮ್ಯಾಲೆ, ವರ್ಷ ಎಷ್ಟು ಅಂತ ಬರೆಸಿಕೊಂಡು ಹೋಗ್ರಿ. ಎಲ್ಲಾರೂ ಒಪ್ಪೂದಿಲ್ಲ, ಒಪ್ಪಿದವ್ರು ಸಿಕ್ರ ಉಳಿತಾಯ.

ಲೈಸೆನ್ಸ್ ಮಾತು ಯಾರೂ ಎತ್ತಿಲ್ಲ. ನಮ್ಮ ಲೈಸೆನ್ಸಿನ ಮ್ಯಾಲೆ ಅಲ್ಲಿ ವಾಸಕ್ಕ ಹೋದ ದಿನದಿಂದ 12 ತಿಂಗಳು ಓಡಸಬಹುದು, ಕಾರೂ ಬೈಕೂ ಎರಡೂ. ಆಮ್ಯಾಲೆ ಇಲ್ಲ. ಭಾರತದ್ದನ್ನ ಅಲ್ಲಿಯದಕ್ಕ ಬದಲಿ ಮಾಡಿ ಕೊಡೂದಿಲ್ಲ, ಮೊದಲಿಂದ ಟೆಸ್ಟ್ ಬರೀಬೇಕು. ಪ್ರೊವಿಜನಲ್ (ಅಲ್ಲಿಯ ಎಲ್‌ಎಲ್) ಆನ್‌ಲೈನ್ 34 ಪೌಂಡ್, ಥಿಯರಿ 23, ಕಾರಿನ ರೋಡ್ ಟೆಸ್ಟ್ ವಾರದ ದಿನ 62. ದಿನಾಂಕ ಸಿಗೂದಕ್ಕ ತಿಂಗಳುಗಟ್ಟಲೆ ಕಾಯಬೇಕು. ಬೈಕಿಗೆ ಸಿಬಿಟಿ (ಕಡ್ಡಾಯ ಮೂಲ ತರಬೇತಿ), ಥಿಯರಿ, ಓಡಿಸಿ ತೋರಿಸೋ ಮಾಡ್ಯೂಲ್ 1, ಮಾಡ್ಯೂಲ್ 2 ಅಂತ ನಾಕು ಮೆಟ್ಟಲ. ಸಿಬಿಟಿ ಒಂದ ಮುಗಿಸಿದ್ರ 125 ಸಿಸಿ ತನಕ ಅಷ್ಟ. ನಿಮ್ಮ ಇಂಟರ್‌ಸೆಪ್ಟರ್ ಶಕ್ತಿ 35 ಕಿಲೋವ್ಯಾಟ್ ಒಳಗ ಐತಿ, ಹಂಗಾಗಿ ಎ2 (ನಡು ಶಕ್ತಿಯ ಬೈಕಿನ) ಲೈಸೆನ್ಸ್ ಸಾಕು. ಹೋದ ಮರುವಾರನ ಅರ್ಜಿ ಹಾಕಲಿಲ್ಲಂದ್ರ 13ನೇ ತಿಂಗಳಿಗೆ ಬೈಕು ಶೆಡ್ಡಿನ್ಯಾಗ, ನೀವು ಬಸ್ಸಿನ್ಯಾಗ.

ಇನ್ನ ಚಳಿಗಾಲ. ರಸ್ತೆಕ್ಕ ಉಪ್ಪು ಹಾಕ್ತಾರ, ಕೆಳಗಿನ ತಗಡು ತಿಂದು ಬಿಡತದ. ಇಲ್ಲೆ ಅಂಡರ್‌ಬಾಡಿ ಕೋಟಿಂಗ್ ಮಾಡಿಸ್ರಿ. ರೇಡಿಯೇಟರಿಗೆ ನಮ್ಮ ಗ್ಯಾರೇಜಿನವ್ರು ನಳದ ನೀರು ಸುರದಿರತಾರ. ಪೂರ್ತಿ ಬಸಿದು ಕೂಲಂಟ್, ಡಿಸ್ಟಿಲ್ಡ್ ನೀರು ಸಮಸಮ ಹಾಕ್ರಿ. ಬರೇ ನೀರಿದ್ರ ಹೆಪ್ಪುಗಟ್ಟಿ ಬ್ಲಾಕ್ ಸೀಳತದ.

ನನ್ನ ಮಾತು ಕೇಳೂದಾದ್ರ ಸ್ವಿಫ್ಟ್ ಮಾರ್ರಿ. ಅಲ್ಲಿ ಸೆಕೆಂಡ್‌ಹ್ಯಾಂಡ್ ಸ್ವಿಫ್ಟು ಬೇಕಾದಷ್ಟು ಸಿಗತಾವ, ಮೈಲಿ ಮೀಟರ್ ಸಮೇತ.

---

ಕುಡ್ಲ_ಟು_ದೇರಾ ಉತ್ತರ:

ಈ ಪುಟ ಓದುವ ಬೇರೆಯವರಿಗಾಗಿ ಎರಡು ಸಾಲು. ಮೇಲಿನದೆಲ್ಲ ಬ್ರಿಟನ್ನಿಗೆ ಮಾತ್ರ. ಅಮೆರಿಕಕ್ಕಾದರೆ ಚರ್ಚೆಯೇ ಬೇಡ ಮಾರಾಯ್ರೆ, ಅಲ್ಲಿನ ಸುರಕ್ಷತಾ ಮಾನದಂಡಕ್ಕೆ ಮಾಡದ ಗಾಡಿಗೆ 25 ವರ್ಷ ಆಗಿರಬೇಕು. ಗಲ್ಫಿನಿಂದ ಊರಿಗೆ ವಾಪಸ್ ಬರುವವರು ಕೇಳುತ್ತಲೇ ಇರುತ್ತಾರೆ: ಎಡಗೈ ಸ್ಟೀರಿಂಗಿನ ಕಾರು ಮಂಗಳೂರಿನಲ್ಲಿ ನೋಂದಣಿ ಆಗುವುದಿಲ್ಲ. ಕಾರ್ನೆ (ಸುಂಕವಿಲ್ಲದೆ ಗಾಡಿ ತರುವ ಕಸ್ಟಮ್ಸ್ ಪತ್ರ) ಮೇಲೆ ತಾತ್ಕಾಲಿಕವಾಗಿ ತಂದು, ಸುತ್ತಾಡಿ, ವಾಪಸ್ ಒಯ್ಯಲೇಬೇಕು.

---

ಮಲ್ಲೇಶ್ವರ_ಎಂಟನೇಕ್ರಾಸ್ (ಪ್ರಶ್ನೆ ಕೇಳಿದವರು):

ತುಂಬಾ ಥ್ಯಾಂಕ್ಸ್. ಅಳತೆ ಲೆಕ್ಕ ನೋಡಿದ ಮೇಲೆ ಕಾರು ಮಾರುವುದು ಅಂತ ಮನೆಯಲ್ಲೂ ಒಪ್ಪಿಗೆಯಾಯಿತು. ಬೈಕ್ ಒಯ್ಯುವುದಾದರೆ ಇಲ್ಲಿ ಆರ್‌ಟಿಓದಲ್ಲಿ ಏನೇನು, ಪ್ಯಾಕಿಂಗ್ ಹೇಗೆ? ಕಾರು ನಾವು ಹೊರಡುವುದರೊಳಗೆ ಮಾರಾಟ ಆಗದಿದ್ದರೆ?

---

ಸುಂಕದಕಟ್ಟೆ ಉತ್ತರ:

ಎನ್‌ಫೀಲ್ಡಿಗೆ ಅದು ತವರುಮನೆ ದಾರಿ, ಆ ಕಂಪನಿ ಹುಟ್ಟಿದ ರೆಡ್ಡಿಚ್ ಬರ್ಮಿಂಗ್‌ಹ್ಯಾಮ್ ಪಕ್ಕದಲ್ಲೇ. ಆದರೆ ತವರಿಗೂ ಕಾಗದ ಬೇಕು.

ಮೊದಲ ಕೆಲಸ ಎಚ್‌ಪಿ ತೆಗೆಸುವುದು. ಬ್ಯಾಂಕಿನ ಎನ್‌ಒಸಿ, ಫಾರಂ 35 ಕೊಟ್ಟು ಹೊಸ ಆರ್‌ಸಿ ಮಾಡಿಸಿ. ಬ್ಯಾಂಕಿನ ಹೆಸರಿರುವ ಆರ್‌ಸಿ ಹಿಡಿದು ಹೋದರೆ ಕಸ್ಟಮ್ಸ್‌ನಲ್ಲಿ ಗಾಡಿ ಯಾರದ್ದು ಅನ್ನುವ ಪ್ರಶ್ನೆ ಏಳುತ್ತದೆ. ಜೊತೆಗೆ ಬಿ ಎಕ್ಸ್‌ಟ್ರಾಕ್ಟ್ (ಆರ್‌ಟಿಓ ದಾಖಲೆಯ ನಕಲು) ಸೀಲು ಸಹಿ ಹಾಕಿಸಿ ತೆಗೆದುಕೊಳ್ಳಿ, ಒಂದಲ್ಲ ಎರಡು. ಏಕೆಂದರೆ ಡಿವಿಎಲ್‌ಎ ಕೇಳುವುದು ಮೂಲ ಆರ್‌ಸಿ, ಕೊಟ್ಟದ್ದು ವಾಪಸ್ ಬರುವುದಿಲ್ಲ. ಆಮೇಲೆ ನಿಮ್ಮ ಕೈಯಲ್ಲಿ ಗಾಡಿಯ ಚರಿತ್ರೆ ಅಂತ ಉಳಿಯುವುದು ಆ ಬಿ ಎಕ್ಸ್‌ಟ್ರಾಕ್ಟ್ ಮಾತ್ರ. ನೋಂದಣಿ ಅರ್ಜಿಯ ವಿ55/5 ಫಾರಂ, ಎಂಎಸ್‌ವಿಎ ಸರ್ಟಿಫಿಕೇಟ್, ಎಂಒಟಿ, ಮೂಲ ಆರ್‌ಸಿ, 55 ಪೌಂಡ್ ನೋಂದಣಿ ಶುಲ್ಕ, ರಸ್ತೆ ತೆರಿಗೆ ಎಲ್ಲ ಒಂದೇ ಲಕೋಟೆಯಲ್ಲಿ ಹೋಗುತ್ತದೆ.

ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆದು ಆರ್‌ಸಿ ಜೊತೆ ಅಕ್ಷರ ಅಕ್ಷರ ಹೋಲಿಸಿ. 17 ಅಕ್ಷರ, ನಿಮ್ಮದು 'ಎಂಇ3' ಅಂತ ಶುರುವಾಗುತ್ತದೆ. ಆ ನಂಬರಿನಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಬರುವುದೇ ಇಲ್ಲ. ಆರ್‌ಸಿಯಲ್ಲಿ ಸೊನ್ನೆಯ ಬದಲು ಓ ಟೈಪಾಗಿದ್ದರೆ ಇಲ್ಲೇ ತಿದ್ದಿಸಿ. ಟಿಒಆರ್, ನೋವಾ, ವಿ55/5 ಮೂರರಲ್ಲೂ ಒಂದೇ ನಂಬರ್ ಇರದಿದ್ದರೆ ಅಲ್ಲಿಂದ ಪತ್ರ ಮೇಲೆ ಪತ್ರ.

ಪ್ಯಾಕಿಂಗ್: ಪೆಟ್ರೋಲ್ ಬಸಿಯಿರಿ, ಬ್ಯಾಟರಿ ಟರ್ಮಿನಲ್ ಬಿಚ್ಚಿ ಟೇಪ್ ಸುತ್ತಿ. ಗಾಡಿ ಇರುವ ಕಂಟೇನರ್ ಅಪಾಯಕಾರಿ ಸರಕಿನ 9ನೇ ವರ್ಗ, ಯುಎನ್ 3166. ಪ್ಯಾಕರ್ಸ್‌ನವರು ಇದನ್ನು ಬರೀ 'ಮನೆ ಸಾಮಾನು' ಅಂತ ಬರೆಸಲು ನೋಡುತ್ತಾರೆ, ಒಪ್ಪಬೇಡಿ. ಬೆಂಕಿ ಗಿಂಕಿ ಆದರೆ ಇನ್ಶೂರೆನ್ಸ್ ಕೈ ಎತ್ತುತ್ತದೆ. ಮರದ ಕ್ರೇಟಿಗೆ ಬಿಸಿ ಸಂಸ್ಕರಣೆಯ ಐಎಸ್‌ಪಿಎಂ 15 ಮುದ್ರೆ ಇರಬೇಕು. ಬೈಕನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಡಿ, ಅಲುಗಾಟಕ್ಕೆ ಸ್ಟ್ಯಾಂಡೇ ಮುರಿಯುತ್ತದೆ. ಮುಂದಿನ ಚಕ್ರವನ್ನು ಮರದ ಗುಟ್ಟದಲ್ಲಿ ಸಿಕ್ಕಿಸಿ, ನಾಲ್ಕು ಬೆಲ್ಟ್ ಹಾಕಿ. ಮುಂದಿನೆರಡು ಟಿ ಸ್ಟೆಮ್‌ಗೆ (ಎರಡು ಫೋರ್ಕ್ ಜೋಡಿಸುವ ಭಾಗ) ಬರಲಿ, ಹ್ಯಾಂಡಲಿಗೆ ಬೇಡ. ಫೋರ್ಕ್ ಅರ್ಧ ಕುಗ್ಗುವಷ್ಟು ಮಾತ್ರ ಬಿಗಿಯಿರಿ. ಪೂರ್ತಿ ಕುಗ್ಗಿಸಿ ವಾರಗಟ್ಟಲೆ ಬಿಟ್ಟರೆ ಆಯಿಲ್ ಸೀಲ್ ಸೋರುತ್ತದೆ. ಕೆಂಪು ಸಮುದ್ರ ಬಿಟ್ಟು ಆಫ್ರಿಕಾ ಸುತ್ತಿ ಹೋಗುವ ಹಡಗಾದರೆ ಸುಮಾರು ಎರಡು ವಾರ ಹೆಚ್ಚೇ ಹಿಡಿಯುತ್ತದೆ.

ಕಾರು ಉಳಿದುಬಿಟ್ಟರೆ: ಮಾಲೀಕತ್ವ ವರ್ಗಾವಣೆಯ ಫಾರಂ 29 ಎರಡು ಪ್ರತಿ, ಫಾರಂ 30 ಸಹಿ ಹಾಕಿ ನಂಬಿಕಸ್ಥರ ಕೈಗೆ ಕೊಡಿ, ಆದರೆ ದಿನಾಂಕ, ಕೊಳ್ಳುವವರ ಹೆಸರು ಖಾಲಿ ಬಿಟ್ಟು ಡೀಲರ್ ಕೈಗೆ ಮಾತ್ರ ಕೊಡಬೇಡಿ. ಪರಿವಾಹನ್ ಓಟಿಪಿ ಆಧಾರ್ ಜೋಡಿಸಿದ ನಂಬರಿಗೇ ಬರುವುದರಿಂದ ಆ ಸಿಮ್ ಸಾಯಲು ಬಿಡಬೇಡಿ, ರೋಮಿಂಗ್ ಹಾಕಿಸಿಕೊಂಡೇ ಹೋಗಿ. ವರ್ಗಾವಣೆ ಆದ ದಿನವೇ ಫಾಸ್ಟ್ಯಾಗ್ ಮುಚ್ಚಿಸಿ.